ಹೊಳೆಯದ ಮೇಣ

ಐಮೊ ರೌಟಿಯೊ ಎಂದು ಕೇಳಿದರೆ ನಮ್ಮೂರಿನಲ್ಲಿ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಉಪ್ಪಿನ ಐಮೊ ಎಂದರೆ ಎಳೆ ಮಕ್ಕಳೂ ಮನೆ ತೋರಿಸುತ್ತವೆ. ಜೀವಮಾನವಿಡೀ ರಸ್ತೆ ಇಲಾಖೆಯ ಲಾರಿ ಓಡಿಸಿದವನು. ಮುಂದೆ ಹಿಮ ಗೋರುತ್ತ, ಉಳಿದ ಮಂಜು ಕರಗಲೆಂದು ಹಿಂದೆ ಉಪ್ಪು ಚೆಲ್ಲುತ್ತ ಹೋಗುವ ಲಾರಿ ಅದು. ಊರು ಏಳುವ ಹೊತ್ತಿಗೆ ರಸ್ತೆ ಕಪ್ಪಗೆ ಕಾಣುವಂತೆ ಮಾಡಿಟ್ಟು ಬರುತ್ತಿದ್ದ. ಕಾಲು ಜಾರದೆ ಕೆಲಸಕ್ಕೆ ಹೋದವರು ಒಬ್ಬರೂ ಅವನನ್ನು ಹೊಗಳಲಿಲ್ಲ, ಕಾರಿಗೆ ತುಕ್ಕು ಹಿಡಿದವರೆಲ್ಲ ತಪ್ಪದೆ ಬೈದರು. ಆ ಉಪ್ಪು ಕಾರಿನ ಬಣ್ಣದಲ್ಲಿರುವ ಸಣ್ಣ ಬಿರುಕಿನಲ್ಲಿ ಕೂತರೆ ವಸಂತದ ಹೊತ್ತಿಗೆ ಬಾಗಿಲಿನ ಅಂಚೇ ಇರುವುದಿಲ್ಲ. "ನನ್ನ ಕಾರು ತಿಂದ ಪುಣ್ಯಾತ್ಮ ಬಂದ, ಕಾಫಿ ಕೊಡಿ" ಎಂದು ನಾನೂ ಎಷ್ಟೋ ಸಲ ಅವನನ್ನು ಸ್ವಾಗತಿಸಿದ್ದೇನೆ.

ನಾನು ಲೆಂಪಿ. ಸ್ಯಾರ್ಕಿ ಸರೋವರದ ದಂಡೆಯಲ್ಲಿ ರೇಸಿನ ದಿನ ಸಾಸೇಜು ಸುಟ್ಟು ಸಾಸಿವೆ ಹಚ್ಚಿ, ಉಳಿದ ದಿನ ಕಾಫಿ ಬನ್ನು ಕೊಡುವ ಅಂಗಡಿ ನನ್ನದು. ಅಲ್ಲಿ ನಿಂತರೆ ಕಾಣದ್ದು ಯಾವುದೂ ಇಲ್ಲ, ಕೇಳಿಸದ್ದಂತೂ ಇಲ್ಲವೇ ಇಲ್ಲ. ನನ್ನ ಬಾಯಿ ಹರಿತ ಎನ್ನುತ್ತಾರೆ. ಸಾಸಿವೆ ಮಾರುವವಳ ಬಾಯಿ ಸಪ್ಪೆಯಾಗಿದ್ದರೆ ವ್ಯಾಪಾರ ನಡೆಯುತ್ತದೆಯೇ?

ನಮ್ಮ ಫಿನ್ಲೆಂಡಿನಲ್ಲಿ ಈ ರೇಸು ಸಾಮಾನ್ಯರದು. ಹಳೆಯ ಕಾರಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಬೆಸೆದು, ಬೇಸಿಗೆಯಲ್ಲಿ ಮಣ್ಣಿನ ಮೇಲೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಿಸುತ್ತಾರೆ. ಆದರೆ ಒಂದು ಕಟ್ಟಳೆ ಉಂಟು. ಓಡಿದ ಯಾವ ಕಾರನ್ನಾದರೂ, ಸಂಘ ಗೊತ್ತುಮಾಡಿದ ಅಗ್ಗದ ಬೆಲೆಗೆ, ಯಾರು ಬೇಕಾದರೂ ಕೇಳಬಹುದು. ರೇಸು ಮುಗಿದ ಮೇಲೆ ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರೆ ಸಾಕು. ತುಂಬ ಮಂದಿ ಕೇಳಿದರೆ ಅದರಲ್ಲೊಂದು ಚೀಟಿ ಎತ್ತುತ್ತಾರೆ. ಕಾರಿನವನು ಕೊಡುವುದಿಲ್ಲ ಎನ್ನುವಂತಿಲ್ಲ, ಎಂದರೆ ಮುಂದೆ ಅವನಿಗೆ ರೇಸೇ ಇಲ್ಲ. ದುಡ್ಡು ಸುರಿದವನೇ ಗೆಲ್ಲಬಾರದೆಂದು ಹಿರಿಯರು ಮಾಡಿದ ನ್ಯಾಯ. ಕೇಳಲು ಚೆನ್ನಾಗಿದೆ. ಕೈಯಾರೆ ಒಳ್ಳೆಯ ಕಾರು ಕಟ್ಟಿದವನನ್ನು ಕೇಳಿ, ಹೊಟ್ಟೆಯುರಿ ಏನೆಂದು ಹೇಳುತ್ತಾನೆ.

ಐಮೊ ಕೆಲಸದಿಂದ ನಿವೃತ್ತನಾದ ವರ್ಷವೇ ಹೆಂಡತಿ ಆನ್ನಿ ತೀರಿಕೊಂಡಳು. ಮಗಳು ಮೆರ್ವಿ ದೂರದ ಪಟ್ಟಣದಲ್ಲಿ ಹಾಲಿನ ಟ್ಯಾಂಕರ್ ಓಡಿಸುತ್ತಾಳೆ. ಅಪ್ಪ ಮಗಳ ನಡುವೆ ಮಾತು ಮೊದಲಿಂದಲೂ ಕಡಿಮೆ, ಆನ್ನಿ ಹೋದ ಮೇಲೆ ಅದೂ ಇಲ್ಲ. ಆಗ ಇಬ್ಬರೂ ಸೇರಿ ರೇಸಿನ ಕಾರು ಕಟ್ಟಲು ಶುರುಮಾಡಿದರು. ಪ್ರತಿ ಶನಿವಾರ ಮೆರ್ವಿ ಬರತೊಡಗಿದಳು. "ಹದಿನಾಲ್ಕರ ಸ್ಪ್ಯಾನರ್ ಕೊಡು", "ತಗೋ", ಇಷ್ಟೇ ಮಾತು. ಆದರೆ ಶುಕ್ರವಾರ ಅಂಗಡಿಗೆ ಬಂದು ಏಲಕ್ಕಿ ಬನ್ನು ಕೊಳ್ಳುವಾಗ ಆ ಮನುಷ್ಯನ ಮುಖ ನೋಡಬೇಕಿತ್ತು, ಹಬ್ಬ!

ಹಿಂದಿನ ಚಳಿಗಾಲದಲ್ಲಿ ಅವರು ಒಂದು ಕೆಂಪು ಕಾರು ಕಟ್ಟಿದ್ದರು. ಐಮೊನಿಗೆ ಒಂದು ದೌರ್ಬಲ್ಯ, ಕೊಳಕು ಕಂಡರಾಗದು. ಇಲಾಖೆಯ ಉಪ್ಪಿನ ಲಾರಿಗೂ ಮೇಣ ತಿಕ್ಕುತ್ತಿದ್ದ ಪ್ರಾಣಿ. ಆ ಕೆಂಪು ಕಾರಿಗೆ ತಾಳೆಯ ಮೇಣ ಹಚ್ಚಿ ಹಚ್ಚಿ, ಹುಡುಗಿಯರು ಅದರಲ್ಲಿ ತುಟಿಯ ಬಣ್ಣ ಸರಿಮಾಡಿಕೊಳ್ಳುವಷ್ಟು ಹೊಳಪು ತಂದ. ರೇಸಿನಲ್ಲಿ ಮೆರ್ವಿ ಬಂದದ್ದು ನಾಲ್ಕನೆಯವಳಾಗಿ. ಪೆಟ್ಟಿಗೆ ತೆರೆದರೆ ಒಳಗಿದ್ದ ಚೀಟಿಗಳೆಲ್ಲ ಅದೇ ಕಾರಿಗೆ! ಗೆದ್ದ ಕಾರನ್ನು ಒಬ್ಬನೂ ಕೇಳಿರಲಿಲ್ಲ. ಚೀಟಿ ಎದ್ದದ್ದು ಯೋರ್ಮಾನ ಹೆಸರಿಗೆ. ಮರದ ಮಿಲ್ಲಿನಲ್ಲಿ ಕೆಲಸ ಮಾಡುವ, ಬಾಯಿಗೆ ಬೀಗವಿಲ್ಲದ ಯೋರ್ಮಾ, ಅವರ ಕಣ್ಣೆದುರಿಗೇ ಕಾರು ಹೊಡೆದುಕೊಂಡು ಹೋದ.

ಮತ್ತೊಂದು ಕಟ್ಟಿದರು. ಈ ಸಲ ಕಡುನೀಲಿ. ಬಣ್ಣ ಮೆರ್ವಿಯೇ ಹೊಡೆದಳು. ಅದು ಒಣಗುವಾಗ ಅವಳು ಅಪ್ಪನಿಗೆ ನನ್ನ ಅಂಗಡಿಯ ಮುಂದೆಯೇ ಹೇಳಿದಳು:

"ಅಪ್ಪಾ, ಇದೂ ಹೋದ್ರೆ ನಾನು ಇನ್ನೊಂದು ಕಟ್ಟಲ್ಲ. ಬೇರೆಯೋರಿಗೆ ಕಾರು ಮಾಡಿಕೊಡೋಕೆ ಅಷ್ಟು ದೂರದಿಂದ ಬರ್ಬೇಕಾ ನಾನು?"

"ಹೂಂ" ಎಂದ ಐಮೊ.

ಅವಳು ಹೋದ ಮೇಲೆ ಬೆಂಚಿನ ಮೇಲೆ ಕೂತೇ ಇದ್ದ. ಕಾರು ಹೋದರೆ ಶನಿವಾರ ಹೋಗುತ್ತದೆ. ಶನಿವಾರ ಹೋದರೆ ಅವನಿಗೆ ಉಳಿಯುವುದು ಗೋಡೆ ಗಡಿಯಾರ ಒಂದೇ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಹಾಗೆಂದು ಕಾರನ್ನು ಹಾಗೇ ಬಿಡುವಂತೆಯೂ ಇರಲಿಲ್ಲ. ಚಳಿಗಾಲವೆಲ್ಲ ಅದು ತೆರೆದ ಟ್ರೈಲರಿನ ಮೇಲೆ ಉಪ್ಪಿನ ರಸ್ತೆಯಲ್ಲೇ ಊರೂರು ಸುತ್ತಬೇಕು. ತಗಡೋ ತೆಳು, ಬೆಸುಗೆಯೋ ನೂರೆಂಟು ಕಡೆ. ಕಾಪಾಡದಿದ್ದರೆ ಉಪ್ಪು ತಿನ್ನುತ್ತದೆ, ಕಾಪಾಡಿ ಹೊಳೆಸಿದರೆ ಊರು ತಿನ್ನುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಒಂದು ಮಧ್ಯಾಹ್ನ ಐಮೊ ಡಬ್ಬಿಗಳನ್ನು ತಂದು ನನ್ನ ಕಟ್ಟೆಯ ಮೇಲಿಟ್ಟ. ರೇಸಿನ ಕಾರುಗಳನ್ನು ತಪಾಸಣೆ ಮಾಡುವ ಸುಲೊ ಅಲ್ಲೇ ಸಾಸೇಜು ಜಗಿಯುತ್ತಿದ್ದ.

"ತಾಳೆ ಮೇಣ ಬೇಡ ಕಣಯ್ಯ" ಎಂದ ಸುಲೊ. "ಚಂದ ನಿಜ, ಆದ್ರೆ ಕ್ರಿಸ್ಮಸ್ ಬರೋ ಹೊತ್ತಿಗೆ ಉಪ್ಪು ನೀರಲ್ಲಿ ತೊಳೆದುಹೋಗಿರತ್ತೆ."

"ಗೊತ್ತು. ಅದಕ್ಕೇ ಇದು" ಎಂದು ಐಮೊ ಚಪ್ಪಟೆ ಬಾಟಲಿ ತೋರಿಸಿದ. ಸೀಲೆಂಟ್. ಬಣ್ಣಕ್ಕೆ ಕಚ್ಚಿಕೊಂಡರೆ ವಸಂತದವರೆಗೂ ಬಿಡದು. ಆದರೆ ಬೋಳು, ಶುದ್ಧ ಬಣ್ಣದ ಮೇಲೆ ಹಚ್ಚಬೇಕು, ಹಳೆಯ ಮೇಣದ ಪಸೆಯೂ ಇರಬಾರದು, ಒಂದು ದಿನ ಬೆಚ್ಚಗೆ ಒಣಗಬೇಕು.

"ಇದೂ ಹೊಳೆಯತ್ತಲ್ಲೋ" ಎಂದೆ ನಾನು. "ಮತ್ತೆ ಚೀಟಿ ಮಳೆ."

ಐಮೊ ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದ. ನನ್ನ ಸಾಸಿವೆಯ ವಾಸನೆಯೂ ಓಡಿಹೋಯಿತು. ಲಾರಿಯ ಅಡಿಭಾಗಕ್ಕೆ, ಚಳಿಗಾಲದಲ್ಲಿ ಮೂಲೆಗೆ ಬಿದ್ದಿರುವ ನೇಗಿಲಿಗೆ ಬಳಿಯುವ ಕಂದು ಮೇಣ. ಅಂಟು ಅಂಟು, ಸುಟ್ಟ ಬೆಲ್ಲದ ಬಣ್ಣ. ಅದರ ಮೇಲೆ ರಸ್ತೆಯ ಕೊಳೆ ಕೂತರೆ ನೋಡಿದವರು ಅಪ್ಪಟ ತುಕ್ಕು ಎನ್ನಬೇಕು.

"ಕೆಳಗೆ ಅದು, ಮೇಲೆ ಇದು" ಎಂದ ಐಮೊ. "ರೇಷ್ಮೆ ಅಂಗಿ ಮೇಲೆ ಗೋಣಿಚೀಲ."

ಸುಲೊ ಜಗಿಯುವುದನ್ನು ನಿಲ್ಲಿಸಿದ. "ನೀನು? ನೀನು ಇದನ್ನ ಬಾನೆಟ್ ಮೇಲೆ ಬಳೀತೀಯಾ?"

"ಬಳೀತೀನಿ."

"ನಂಬರ್ ಕಾಣ್ಬೇಕು, ನನ್ನ ಸ್ಕ್ರೂಡ್ರೈವರ್ ತಗಡೊಳಗೆ ತೂರಬಾರದು. ಅಷ್ಟೇ ನನ್ನ ಕಾನೂನು. ಕಾರು ಚಂದ ಇರ್ಬೇಕು ಅಂತ ಎಲ್ಲೂ ಬರೆದಿಲ್ಲ" ಎಂದು ಸುಲೊ ಗಂಭೀರವಾಗಿ ಬಾಯಿ ಒರೆಸಿಕೊಂಡ. ಆಮೇಲೆ ನಗು ತಡೆಯಲಾರದೆ ಹೊರಗೆ ಹೋದ.

ಹಳೆಯ ಇಲಾಖೆಯವರು ಐಮೊನಿಗೆ ಬಿಸಿ ಗ್ಯಾರೇಜು ಬಿಟ್ಟುಕೊಟ್ಟರು. ಸುತ್ತ ಉಪ್ಪಿನ ರಾಶಿ, ನಡುವೆ ನೀಲಿ ಕಾರು. ಅಪ್ಪ ಮಗಳು ಸೀಲೆಂಟ್ ಹಚ್ಚಿ, ಒಣಗಿಸಿ, ಮೃದು ಬಟ್ಟೆಯಿಂದ ಉಜ್ಜಿದರು. ಆಹಾ, ಏನು ಹೊಳಪು! ಕಂದು ಮೇಣದ ಕುಂಚ ಹಿಡಿದು ಐಮೊ ಬಹಳ ಹೊತ್ತು ನಿಂತನಂತೆ. "ನೀನು ಆ ಕಡೆ ತಿರುಗಪ್ಪ, ನಾನು ಬಳೀತೀನಿ" ಎಂದು ಮೆರ್ವಿಯೇ ಮೊದಲ ಗೀಟು ಎಳೆದಳಂತೆ.

ಆ ಚಳಿಗಾಲ ಐಮೊ ಪಟ್ಟ ಪಾಡು ಶತ್ರುವಿಗೂ ಬೇಡ. ಮೊದಲ ರೇಸಿಗೇ ಕಾರು ಸಗಣಿ ಗುಂಡಿಯಿಂದ ಎದ್ದು ಬಂದಂತಿತ್ತು. ಯೋರ್ಮಾ ನನ್ನ ಅಂಗಡಿಗೆ ಒರಗಿ ಕೂಗಿದ:

"ಲೆಂಪಿ, ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ. ಉಪ್ಪು ಚೆಲ್ಲಿದೋನು ಏನು ಕುಡೀಬೇಕು?"

"ಕಾಫಿ. ಅದೂ ನಿನಗಿಂತ ಮೊದಲು. ಆಚೆ ಸರಿ."

ಗೇಲಿ ಮಾಡಿದರೆ ಐಮೊ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮರುಕ ಚುಚ್ಚುತ್ತಿತ್ತು. ಚರ್ಚಿನ ಬಾಗಿಲಲ್ಲಿ ಹೆಂಗಸರು ಅವನ ಕೈ ಹಿಡಿದು, "ಆನ್ನಿ ಇದ್ದಿದ್ರೆ ಹೀಗಾಗ್ತಿತ್ತಾ, ಪಾಪ, ಊಟಕ್ಕಾದ್ರೂ ಬಾ" ಎನ್ನತೊಡಗಿದರು. ಅಚ್ಚುಕಟ್ಟಿನ ಐಮೊ ಕೈಚೆಲ್ಲಿದನೆಂದು ಊರೇ ನಂಬಿತು. ಒಂದು ದಿನ ಅವನು ಸೀಮೆಎಣ್ಣೆ ಡಬ್ಬಿ, ಚಿಂದಿ ಬಟ್ಟೆ ಹಿಡಿದು ಕಾರಿನ ಹತ್ತಿರ ಹೋದದ್ದನ್ನು ನಾನೇ ಕಂಡೆ. "ಬರೀ ಬಾಗಿಲೊಂದು ಒರೆಸ್ತೀನಿ ಲೆಂಪಿ" ಎಂದ. "ಒರೆಸು, ಶನಿವಾರದ ಬನ್ನು ನಾನು ಬೇರೆಯವರಿಗೆ ಮಾರ್ತೀನಿ" ಎಂದೆ. ಡಬ್ಬಿ ಹಿಡಿದು ಹಿಂದಿರುಗಿದ.

ಮೆರ್ವಿ ಮಾತ್ರ ರೇಸಿನಿಂದ ರೇಸಿಗೆ ಮೇಲೇರಿದಳು. ಎಂಜಿನ್ ಒಳ್ಳೆಯದೆಂದು ಎಲ್ಲರಿಗೂ ತಿಳಿಯಿತು. ಆದರೂ ಒಂದು ಚೀಟಿಯೂ ಬೀಳಲಿಲ್ಲ. ಕೊಳೆತ ಮೈಯನ್ನು ಕಟ್ಟಿಕೊಂಡು ಯಾರು ಅಳುತ್ತಾರೆ?

ಕೊನೆಯ ರೇಸು ಮಾರ್ಚಿನಲ್ಲಿ, ನಮ್ಮದೇ ಸರೋವರದ ಮೇಲೆ. ಬಿಸಿಲಿಗೆ ಮಂಜುಗಡ್ಡೆ ಕಣ್ಣು ಕುಕ್ಕುತ್ತಿತ್ತು. ಆ ದಿನ ಗೆದ್ದವರಿಗೇ ಇಡೀ ಚಳಿಗಾಲದ ಟ್ರೋಫಿ. ಕೊನೆಯ ಸುತ್ತಿಗೆ ಮುಂದೆ ಇದ್ದವರು ಇಬ್ಬರೇ, ನಮ್ಮ ಕಂದು ಕಾರು, ಯೋರ್ಮಾನ ಕೆಂಪು ಕಾರು. ಹೌದು, ಅದೇ ಕೆಂಪು ಕಾರು. ಹೊಳಪು ನೋಡಿ ಕೊಂಡವನು ಮೇಲೆ ಒಂದು ತೊಟ್ಟು ಮೇಣ ಹಾಕಿರಲಿಲ್ಲ. ಎರಡು ಚಳಿಗಾಲದ ಉಪ್ಪು, ಸುಲೊನ ಸ್ಕ್ರೂಡ್ರೈವರ್ ಮುಟ್ಟದ ಒಳಮೂಲೆಗಳನ್ನೆಲ್ಲ ಜರಡಿ ಮಾಡಿತ್ತು.

ತಿರುವಿನಲ್ಲಿ ಯೋರ್ಮಾ ಬೇಕೆಂದೇ ಮೆರ್ವಿಯ ಪಕ್ಕೆಗೆ ಗುದ್ದಿದ. ಢಮ್! ಐಮೊ ನನ್ನ ತೋಳು ಹಿಡಿದ, ಇವತ್ತಿಗೂ ನೋಯುತ್ತದೆ. ಹಿಮದ ಪುಡಿ ಇಳಿದಾಗ ಕಂದು ಕಾರು ಏನೂ ಆಗದಂತೆ ಓಡುತ್ತಿತ್ತು. ಕೆಂಪು ಕಾರಿನ ಮುಂದಿನ ಚಕ್ರದ ಮೇಲಿನ ತಗಡಿನ ಕಮಾನು ಹಪ್ಪಳದಂತೆ ಮುರಿದು ತನ್ನದೇ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಮೆರ್ವಿ ಒಬ್ಬಳೇ ಗೆರೆ ದಾಟಿದಳು. ನಾನು ಚಿಮಟ ಬಿಸಾಡಿ ಕುಣಿದೆ, ಸಾಸೇಜು ಕರಕಲಾದರೆ ಆಗಲಿ!

ಐಮೊ ಕುಣಿಯಲಿಲ್ಲ. ಪೆಟ್ಟಿಗೆ ಇನ್ನೂ ತೆರೆದಿತ್ತು. ಸುಲೊ ಸೀಟಿ ಊದುವವರೆಗೂ ಯಾರು ಬೇಕಾದರೂ ಚೀಟಿ ಹಾಕಬಹುದು.

ಯೋರ್ಮಾ ನಡೆದು ಬಂದ, ಕೈಯಲ್ಲಿ ಚೀಟಿ. ಕಂದು ಕಾರನ್ನು ಸುತ್ತಿದ. ಗುದ್ದಿದ ಜಾಗಕ್ಕೆ ಬಗ್ಗಿ ಬೆರಳು ಒತ್ತಿದ. ಬೆರಳು ಅಂಟಿಕೊಂಡಿತು. ಮೂಸಿ ನೋಡಿ ಮುಖ ಸಿಂಡರಿಸಿದ.

"ಏನೋ ಇದು, ಟಾರೋ, ಕೊಳೆಯೋ? ಇದರಡಿಯಲ್ಲಿ ತಗಡು ಅನ್ನೋದು ಉಳಿದಿದೆಯಾ?"

ಐಮೊ ಕಾಫಿ ಲೋಟ ನೋಡುತ್ತ ನಿಂತ.

"ಹೋದ ವರ್ಷ ಹೊಳಪು ತೋರಿಸಿ ನನಗೆ ತುಕ್ಕು ಮಾರಿದೆ ಮುದುಕ. ಅಷ್ಟು ಹೊಳೆಯೋದೇ ಒಳಗೆ ಕೊಳೆತಿತ್ತು ಅಂದ್ರೆ, ಇದರ ಗತಿ ಏನಿರಬೇಕು!"

ಸುಳ್ಳು. ಆ ಕೆಂಪು ಕಾರು ಐಮೊನ ಕೈ ಬಿಟ್ಟಾಗ ಒಂದು ಚುಕ್ಕೆ ತುಕ್ಕಿರಲಿಲ್ಲ. ಕೆಲಸದ ವಿಷಯದಲ್ಲಿ ಐಮೊನನ್ನು ಮೋಸಗಾರ ಎಂದವರು ಅದುವರೆಗೆ ಯಾರೂ ಇಲ್ಲ. ಅವನ ಕಿವಿ ಕೆಂಪಾಯಿತು, ದವಡೆ ಅಲುಗಿತು. ಒಂದೇ ಒಂದು ಮಾತು ಆಡಿದ್ದರೆ ಸತ್ಯ ಹೊರಬೀಳುತ್ತಿತ್ತು, ಕಾರು ಹೋಗುತ್ತಿತ್ತು. ಮೆರ್ವಿ ಹೆಲ್ಮೆಟ್ ತಬ್ಬಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಐಮೊ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ನುಂಗಿದ. ಮಾತನ್ನೂ ಅದರ ಜೊತೆಗೇ ನುಂಗಿದ.

"ಈ ಹೆಣ ನನ್ನಂಗಳಕ್ಕೆ ಬೇಡ" ಎಂದು ಯೋರ್ಮಾ ಚೀಟಿ ಮುದುರಿ ಎಸೆದ.

ಸುಲೊ ಸೀಟಿ ಊದಿದ. ಪೆಟ್ಟಿಗೆಯನ್ನು ಎಲ್ಲರೆದುರು ಬೋರಲು ಹಾಕಿದ. ನೀಲಿ ಕಾರಿಗೆ ಒಂದೂ ಇಲ್ಲ.

"ಲೆಂಪಿ," ಎಂದ ಐಮೊ, "ಬಿಸಿನೀರು ಎಷ್ಟಿದೆ?"

"ಬೇಕಾದಷ್ಟಿದೆ ಮಾರಾಯ!"

ಅವನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಬಾನೆಟ್ಟಿನ ನಡುವೆ ಇಟ್ಟು, ತೋಳಿನ ಬಲವೆಲ್ಲ ಹಾಕಿ ಎಳೆದ. ಕಂದು ಪದರ ಚರ್ಮದಂತೆ ಸುಲಿದು ಬಂತು. ನಾನು ಸೋಪಿನ ಬಿಸಿನೀರು ಸುರಿದೆ, ಮೇಲೆ ತಣ್ಣೀರು. ಅಬ್ಬಾ! ಬಿಳಿ ಸರೋವರದ ನಡುವೆ ಆ ನೀಲಿ! ನೀರು ಕೋಸಿನ ಎಲೆಯ ಮೇಲಿನಂತೆ ಗುಂಡಾಗಿ ಉರುಳಿ ಹೋಯಿತು. ಗೀರಿಲ್ಲ, ಗುಳ್ಳೆಯಿಲ್ಲ, ತುಕ್ಕಿನ ಹೆಸರಿಲ್ಲ.

ಚರ್ಚಿನ ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಯಾರೋ ನಗತೊಡಗಿದರು, ನಗು ಚಪ್ಪಾಳೆಯಾಯಿತು, ಚಪ್ಪಾಳೆ ಕೂಗಾಯಿತು.

"ಮೋಸ!" ಎಂದ ಯೋರ್ಮಾ.

ಐಮೊ ತಿರುಗಿದ. ಜೀವಮಾನದಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿಲ್ಲ. "ಕೆಂಪು ಕಾರೂ ಹೀಗೇ ಇತ್ತು ಯೋರ್ಮಾ. ನಿನ್ನ ಕೈಗೆ ಕೊಟ್ಟಾಗ ಹೀಗೇ ಇತ್ತು. ಹೊಳಪು ಕೇಳಿ ತಗೊಂಡೆ, ಕಾಪಾಡೋದು ಹೇಗೆ ಅಂತ ಕೇಳ್ಲಿಲ್ಲ. ಈಗ್ಲೂ ತಗೊಂಡು ಬಾ, ಉಳಿದ ತಗಡಿಗೆ ನಾನೇ ಮೇಣ ಹಚ್ಚಿಕೊಡ್ತೀನಿ."

ಯೋರ್ಮಾ ಬಾನೆಟ್ಟಿನ ಮೇಲೆ ಬೆರಳೆಳೆದು ನೋಡಿದ. ಆಮೇಲೆ ಕೈಗವಸು ಕಿತ್ತು, ಚಿಂದಿ ಬಟ್ಟೆ ತೆಗೆದುಕೊಂಡು, ಗೊಣಗುತ್ತಲೇ ಬಾಗಿಲು ಉಜ್ಜತೊಡಗಿದ. ಅವನ ಹಿಂದೆ ಅರ್ಧ ಊರು ಬಂತು. ಬಿಸಿಲು ಇಳಿಯುವ ಮೊದಲೇ ಇಡೀ ಕಾರು ನೀಲಿಯಾಯಿತು.

"ಎಲ್ಲರಿಗೂ ತೋರಿಸಿಬಿಟ್ಟೆ" ಎಂದಳು ಮೆರ್ವಿ. "ಮುಂದಿನ ವರ್ಷ ಇದನ್ನ ನುಂಗಿಬಿಡ್ತಾರೆ."

ಐಮೊ ತಲೆ ತಗ್ಗಿಸಿದ. "ತಡೆಯೋಕಾಗ್ಲಿಲ್ಲ ಕಣಮ್ಮ."

"ನುಂಗಲಿ ಬಿಡು, ಇನ್ನೊಂದು ಕಟ್ಟೋಣ. ಶನಿವಾರ ಎಷ್ಟೊತ್ತಿಗೆ ಬರ್ಲಿ?"

ಆಗ ಆ ಮನುಷ್ಯ ಅತ್ತುಬಿಟ್ಟ, ಊರಿನವರೆಲ್ಲರ ಎದುರು, ಮಗುವಿನ ಹಾಗೆ. ಮೆರ್ವಿ ಅವನ ಹೆಗಲು ಹಿಡಿದು ಕಾರಿನ ಕಡೆ ತಿರುಗಿಸಿದಳು.

"ಅಳೋದಿದ್ರೆ ಬಾನೆಟ್ ಮೇಲೆ ಬಗ್ಗಿ ಅಳಪ್ಪ. ನಿನ್ನ ಸೀಲೆಂಟ್ ಎಷ್ಟು ಗಟ್ಟಿ ಅಂತ ನೋಡೇ ಬಿಡೋಣ."

ಅವನು ನಗುತ್ತ ನಿಜವಾಗಿಯೂ ಬಗ್ಗಿದ. ಒಂದು ಹನಿಯೂ ಮೇಲೆ ನಿಲ್ಲಲಿಲ್ಲ.