ನಾಲ್ಕೂರ ವಲಯದ ಖೋ ಖೋ ಸರ್

ಸರ್ ಕಾಲುಗಳು ಆ ದಿನ ಮೊಣಕಾಲಿನ ತನಕ ಸುಣ್ಣದಿಂದ ಬೆಳ್ಳಗಿದ್ದವು. ಬೆಳಿಗ್ಗೆ ಏಳಕ್ಕೇ ಮೈದಾನಕ್ಕೆ ಬಂದು, ಚಪ್ಪಲಿಯನ್ನು ಬೇವಿನ ಗಿಡದ ಬುಡದಲ್ಲಿ ಬಿಟ್ಟು, ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಹಿಮ್ಮುಖವಾಗಿ ನಡೆಯುತ್ತ ಅಂಕಣದ ಗೆರೆಗಳನ್ನು ಎಳೆದಿದ್ದರು. ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಮುಂದೆ ಎಳೆದ ಗೆರೆಯನ್ನೇ ನೋಡುತ್ತ ಹಿಂದಕ್ಕೆ ಹೋದರೆ ಗೆರೆ ಸೊಟ್ಟಾಗುವುದಿಲ್ಲ ಎಂದು ಅವರು ಹೇಳುತ್ತಿದ್ದರು.

ಅವರು ಬನಹಟ್ಟಿಯ ನಮ್ಮ ಕಾಲೇಜಿನ ದೈಹಿಕ ಶಿಕ್ಷಕರು. ನಾನು ಆಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಹುಡುಗಿಯರ ಖೋ ಖೋ ತಂಡಕ್ಕೆ ನಾನೇ ನಾಯಕಿ. ಆ ದಿನ ಮುಧೋಳದ ಕಾಲೇಜಿನೊಂದಿಗೆ ನಮ್ಮ ವಲಯದ ಅಂತಿಮ ಪಂದ್ಯವಿತ್ತು.

ಕಾಲೇಜು ಆಟಗಳ ಬಗ್ಗೆ ತಿಳಿಯದವರಿಗಾಗಿ ಒಂದು ಮಾತು ಹೇಳಬೇಕು. ವಿಶ್ವವಿದ್ಯಾಲಯದವರು ಕಾಲೇಜುಗಳನ್ನು ವಲಯಗಳಾಗಿ ಹಂಚಿರುತ್ತಾರೆ. ಮೊದಲು ವಲಯದೊಳಗೆ ಆಡಬೇಕು, ಗೆದ್ದವರು ಮುಂದೆ ಹೋಗಬೇಕು. ನಮ್ಮ ವಲಯ ಸಣ್ಣದು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಇಷ್ಟೇ. ಎಲ್ಲರೂ ಅದನ್ನು ನಾಲ್ಕೂರ ವಲಯ ಅನ್ನುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಆಟ ಮುಗಿಸಿ, ಊಟ ಮಾಡಿ, ಹೊತ್ತು ಮುಳುಗುವುದರೊಳಗೆ ಮನೆಯಲ್ಲಿ ಇರುತ್ತಿದ್ದೆವು. ಹೀಗಾಗಿ ನೇಕಾರರ ಮನೆಗಳಿಂದಲೂ ಹೊಲದ ಮನೆಗಳಿಂದಲೂ ಹುಡುಗಿಯರು ಆಡಲು ಬರುತ್ತಿದ್ದರು. ಮನೆಯಲ್ಲಿ ಕೇಳಿ ಒಪ್ಪಿಸುವಂಥದ್ದೇನೂ ಇರಲಿಲ್ಲ.

ಆ ನಾಲ್ಕು ಊರಿನ ಸರ್‌ಗಳ ನಡುವೆ ಒಂದು ಪದ್ಧತಿ ಇತ್ತು. ಪಂದ್ಯ ನಡೆಯುವ ಊರಿನ ಸರ್ ಗೆರೆ ಎಳೆಯಬೇಕು, ಬಂದ ಊರಿನ ಸರ್ ಅಳೆಯಬೇಕು. ಅಳೆಯುವಾಗ ಗೆರೆ ಎಳೆದವರು ಬೆನ್ನು ತಿರುಗಿಸಿ ನಿಲ್ಲಬೇಕು. ನಮ್ಮ ಸರ್ ಕಂಪೌಂಡ್ ಗೋಡೆಗೆ ಮುಖ ಮಾಡಿ ಕೈ ಕಟ್ಟಿಕೊಂಡು ನಿಂತರು. ಮುಧೋಳದ ಸರ್ ಟೇಪು ಹಿಡಿದು ಕಂಬದಿಂದ ಕಂಬಕ್ಕೆ ಹೋದರು. ಅವರಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದ ಗೆಳೆಯರು.

‘ನಾಕ್ ಬಟ್ಟ ಹೆಚ್ಚ ಆಗೇತಿ ನೋಡಲೇ,’ ಅಂದರು ಮುಧೋಳದ ಸರ್. ನಾಲ್ಕು ಬೆರಳಲ್ಲ, ಒಂದು ಬೆರಳೂ ಹೆಚ್ಚಾಗಿರಲಿಲ್ಲ.

‘ನಿನ್ನ ಟೇಪ ಗಿಡ್ಡ ಐತಿ, ನಿನ್ನಂಗ,’ ಅಂದರು ನಮ್ಮ ಸರ್, ಗೋಡೆಯ ಕಡೆಗೇ ನೋಡುತ್ತ.

‘ಇರಲಿ ಬಿಡು. ನಮ್ಮೂರ ನಾಯಿ ಬಿಟ್ರೂ ನಿಮ್ಮ ಹುಡುಗ್ಯಾರನ್ನ ಮುಟ್ಟಿ ಬರ್ತಾವ.’

ನಾವು ನಕ್ಕೆವು. ಆ ಪಂದ್ಯವನ್ನು ಒಂದು ಅಂಕದಿಂದ ಸೋತೆವು. ನಾನು ಕಂಬದ ಹತ್ತಿರ ಕುಳಿತು ಅಳುತ್ತಿದ್ದಾಗ ಸರ್ ಬಂದು ನೀರಿನ ಬಾಟಲಿ ಕೊಟ್ಟು, ಮುಂದಿನ ವರ್ಷ ಐತಲ್ಲ ಬೇ, ಯಾಕ ಅಳತಿ ಅಂದರು. ಆಮೇಲೆ ಎರಡೂ ತಂಡದವರು ಒಂದೇ ಸಾಲಿನಲ್ಲಿ ಕುಳಿತು ಊಟ ಮಾಡಿದೆವು. ನಾಲ್ಕೂರ ವಲಯದ ಕೊನೆಯ ಪಂದ್ಯ ಅದು ಎಂದು ಬಡಿಸುವವರಿಗೂ ಉಣ್ಣುವವರಿಗೂ ಗೊತ್ತಿರಲಿಲ್ಲ.

ಸರ್ ಸೀಟಿ ಊದುತ್ತಿರಲಿಲ್ಲ. ಕೊರಳಲ್ಲಿ ಸೀಟಿ ಇರುತ್ತಿತ್ತು, ಕರೆಯುವುದು ಮಾತ್ರ ಚಪ್ಪಾಳೆ ತಟ್ಟಿ. ಹುಡುಗಿಯರಿಗೆ ಸೀಟಿ ಹೊಡೆಯುವುದು ಚಂದವಲ್ಲ ಎಂದು ಅವರ ತಾಯಿ ಹೇಳಿದ್ದರಂತೆ. ಪೇಪರನ್ನು ಹಿಂದಿನ ಪುಟದಿಂದ ಓದುತ್ತಿದ್ದರು, ಮುಂದಿನ ಪುಟಕ್ಕೆ ಬರುವುದರೊಳಗೆ ಮಡಚಿ ಇಡುತ್ತಿದ್ದರು. ಯಾರಾದರೂ ಬಿದ್ದು ಮೊಣಕೈ ತರಚಿಕೊಂಡರೆ ಅರಿಸಿನ ತಾವೇ ಹಚ್ಚುತ್ತಿರಲಿಲ್ಲ, ಇನ್ನೊಬ್ಬ ಹುಡುಗಿಯ ಕೈಗೆ ಕೊಡುತ್ತಿದ್ದರು. ಖೋ ಖೋ ಆಟದಲ್ಲಿ ಬೆನ್ನಿಗೆ ಕೈ ಬೀಳುವ ಮೊದಲೇ ಎದ್ದರೆ ತಪ್ಪು. ನಾನು ಯಾವಾಗಲೂ ಅವಸರಪಟ್ಟು ಏಳುತ್ತಿದ್ದೆ. ‘ಬೆನ್ನಿಗೆ ಕೈ ಬೀಳೂತನಕ ಕುಂದರಬೇಕವಾ. ಕುಂದರೂದೂ ಆಟಾನ,’ ಎಂದು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ನನಗೆ ಪೊಲೀಸ್ ಆಗುವ ಆಸೆ ಇತ್ತು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರ ಇದ್ದರೆ ಕ್ರೀಡಾ ಮೀಸಲಾತಿಯಲ್ಲಿ ಅರ್ಜಿ ಹಾಕಬಹುದು ಎಂದು ಸರ್ ಅವರೇ ಹೇಳಿದ್ದರು. ಆದರೆ ಆ ತಂಡಕ್ಕೆ ಆಯ್ಕೆ ಮಾಡುವವರು ನಮ್ಮ ಸಣ್ಣ ವಲಯದ ಪಂದ್ಯ ನೋಡಲು ಒಂದು ವರ್ಷವೂ ಬಂದಿರಲಿಲ್ಲ. ದೊಡ್ಡ ವಲಯಗಳಲ್ಲಿ ಕುಳಿತು ಅಲ್ಲಿಯವರನ್ನೇ ಆರಿಸುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಜಮಖಂಡಿಯಲ್ಲಿ ಎಲ್ಲ ವಲಯಗಳ ದೈಹಿಕ ಶಿಕ್ಷಕರ ಸಭೆ ಸೇರಿತು. ಸಣ್ಣ ವಲಯಗಳನ್ನು ತೆಗೆದು, ಹೊಸ ಕಾಲೇಜುಗಳನ್ನು ಸೇರಿಸಿ, ದೊಡ್ಡ ವಲಯಗಳನ್ನು ಮಾಡುವುದು ಎಂಬ ಠರಾವು ಬಂತಂತೆ. ಇಂಥ ಸಭೆಗಳಲ್ಲಿಯೂ ನಾಲ್ಕೂರಿನವರ ಪದ್ಧತಿ ಇತ್ತು. ಆ ವರ್ಷ ಯಾರ ಊರಿನಲ್ಲಿ ಪಂದ್ಯ ನಡೆದಿದೆಯೋ ಅವರು ಮೊದಲು ಕೈ ಎತ್ತಬೇಕು ಅಥವಾ ಸುಮ್ಮನಿರಬೇಕು. ಉಳಿದ ಮೂವರು ಅವರನ್ನು ನೋಡಿ ಹಾಗೆಯೇ ಮಾಡುತ್ತಿದ್ದರು. ಸಭೆಯೊಳಗೆ ಚರ್ಚೆ ಇಲ್ಲ, ಕಿವಿಮಾತಿಲ್ಲ. ಆ ವರ್ಷ ಪಂದ್ಯ ನಮ್ಮಲ್ಲಿ ನಡೆದಿತ್ತು. ನಮ್ಮ ಸರ್ ಕೈ ಎತ್ತಿದರು, ಮೂವರೂ ಎತ್ತಿದರು. ಠರಾವು ಪಾಸಾಯಿತು.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ನಮ್ಮನ್ನೆಲ್ಲ ಕೂರಿಸಿ ಸರ್ ಈ ವಿಷಯ ಹೇಳಿದರು. ಮುಖ ಅರಳಿತ್ತು. ‘ಇನ್ನ ಮ್ಯಾಲ ನಿಮ್ಮನ್ನ ನೋಡಾಕ ಮಂದಿ ಬರ್ತಾರ. ತಯಾರಾಗ್ರಿ,’ ಅಂದರು.

ಯಾವ ಕಾಲೇಜು ಯಾವ ವಲಯಕ್ಕೆ ಎಂಬ ಪಟ್ಟಿ ಆ ದಿನ ಇನ್ನೂ ಆಗಿರಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ. ನಾಲ್ಕೂರನ್ನು ಒಡೆಯಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಕ್ಕಿಲ್ಲ. ಎರಡು ತಿಂಗಳ ಮೇಲೆ ಪಟ್ಟಿ ಬಂತು. ಮುಧೋಳ ಮತ್ತು ಬೀಳಗಿ ಒಂದು ವಲಯಕ್ಕೆ ಹೋಗಿದ್ದವು, ಜಮಖಂಡಿ ಮತ್ತು ನಾವು ಇನ್ನೊಂದಕ್ಕೆ. ನಮ್ಮ ಮೊದಲ ಪಂದ್ಯ ಬೆಳಗಾವಿಯ ಆಚೆ, ಖಾನಾಪುರದ ಕಡೆ. ಹಿಂದಿನ ದಿನವೇ ಹೋಗಬೇಕು, ಎರಡು ರಾತ್ರಿ ಅಲ್ಲೇ ಉಳಿಯಬೇಕು.

ತಂಡದಲ್ಲಿ ಹದಿಮೂರು ಜನ ಇದ್ದೆವು. ಒಂದೇ ವಾರದಲ್ಲಿ ಐವರೇ ಉಳಿದರು.

ಸರ್ ಮನೆ ಮನೆಗೆ ಹೊರಟರು. ನಮ್ಮ ಮನೆಗೆ ಬಂದಾಗ ಅಪ್ಪ ಮಗ್ಗದ ಮೇಲಿದ್ದರು, ಅವ್ವ ಪಕ್ಕದಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪವರ್‌ಲೂಮಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ನಿಲ್ಲಿಸಿ ಎಂದು ಹೇಳಲು ಸರ್‌ಗೆ ಮನಸ್ಸು ಬರಲಿಲ್ಲ. ಎಳೆ ಕಡಿದು ಮಗ್ಗ ತಾನಾಗಿ ನಿಲ್ಲುವವರೆಗೆ ಬಾಗಿಲಲ್ಲೇ ನಿಂತಿದ್ದರು. ನಿಂತ ಕೂಡಲೇ ವಿಷಯ ಹೇಳಿದರು.

ಅಪ್ಪ ಕಡಿದ ಎಳೆಯನ್ನು ಗಂಟು ಹಾಕುತ್ತಲೇ ಉತ್ತರ ಕೊಟ್ಟರು. ‘ಮುಧೋಳಕ್ಕ ಆಗಿದ್ರ ಈಗ ಕರ್ಕೊಂಡ ಹೋಗ್ರಿ ಅಂತಿದ್ದೆ. ಎರಡ ರಾತ್ರಿ ಅಂದ್ರ ಹೆಂಗ್ರಿ ಸರ್? ಹೆಣ್ಣಮಕ್ಕಳು ಯಾರರ ಇರ್ತಾರೇನು ಸಂಗಾಟ?’

‘ನಮ್ಮ ಮನ್ಯಾಕಿನ್ನ ಕರ್ಕೊಂಡ ಬರ್ತೀನ್ರಿ,’ ಅಂದರು ಸರ್. ಮನೆಯಲ್ಲಿ ಕೇಳಿ ಹೇಳಿದ ಮಾತಲ್ಲ ಅದು. ಆ ಕ್ಷಣಕ್ಕೆ ಹೊಳೆದದ್ದು. ಅಪ್ಪ ಒಪ್ಪಿದರು.

ಮರುದಿನದಿಂದ ಅವರ ಹೆಂಡತಿಯೂ ಜೊತೆಗೆ ಬಂದರು. ಅವರನ್ನು ನಾವು ಅಕ್ಕಾರು ಅನ್ನುತ್ತಿದ್ದೆವು. ಅವರಿಗೆ ಮೊಣಕಾಲು ನೋವು. ಆದರೂ ಒಂದೊಂದು ಕಟ್ಟೆ ಹತ್ತಿ ಇಳಿದು, ತಾಯಂದಿರ ಹತ್ತಿರ ಕುಳಿತು ಮಾತಾಡಿದರು. ಹದಿನೈದು ದಿನ ತಿರುಗಿ ಒಂಬತ್ತು ಜನರನ್ನು ಕೂಡಿಸಿದರು. ಅಂಕಣಕ್ಕೆ ಇಳಿಯಲು ಒಂಬತ್ತು ಜನ ಬೇಕೇ ಬೇಕು. ಒಬ್ಬಳು ಕಡಿಮೆಯಾದರೂ ಆಡಲು ಬಿಡುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ಬನಹಟ್ಟಿ ಬಸ್ ನಿಲ್ದಾಣದಲ್ಲಿ ಎಂಟು ಜನ ಇದ್ದೆವು. ಒಂಬತ್ತನೆಯವಳು ರಬಕವಿಯ ಹುಡುಗಿ. ಮೊದಲ ಬಸ್ಸು ಹೋಯಿತು. ಎರಡನೆಯದನ್ನು ಸರ್ ಕಂಡಕ್ಟರನ ಹತ್ತಿರ ಮಾತಾಡಿ ಐದು ನಿಮಿಷ ನಿಲ್ಲಿಸಿದರು, ಅದೂ ಹೋಯಿತು. ಆಟೋ ಮಾಡಿಕೊಂಡು ರಬಕವಿಗೆ ಹೋದರು. ಅರ್ಧ ಗಂಟೆಯ ಮೇಲೆ ಅದೇ ಆಟೋದಲ್ಲಿ ಒಬ್ಬರೇ ಬಂದರು. ಅವಳ ಅಣ್ಣ ಹಿಂದಿನ ದಿನ ಇಚಲಕರಂಜಿಯಿಂದ ಬಂದಿದ್ದನಂತೆ. ತಂಗಿಯನ್ನು ಕಳಿಸುವುದಿಲ್ಲ ಅಂದ ಅವನು ಸರ್ ಅವರನ್ನು ಒಳಗೂ ಕರೆದಿರಲಿಲ್ಲ.

ಅಕ್ಕಾರು ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯನ್ನು ನಮ್ಮ ಕೈಗೆ ಹಂಚಿದರು. ಏನಾದರೂ ಮಾಡಬೇಕಲ್ಲ ಎಂದು ಹಂಚಿದರು. ಯಾರೂ ತಿನ್ನಲಿಲ್ಲ. ಸರ್ ಬಂದು ನಮ್ಮ ಮುಂದೆ ನಿಂತರು. ಏನೋ ಹೇಳಲು ಬಾಯಿ ತೆರೆದಿದ್ದರು. ಅದಕ್ಕಿಂತ ಮೊದಲು ನಾನು ಮಾತಾಡಿದೆ.

‘ಸಭಾದಾಗ ಕೈ ಎತ್ತಿದವ್ರು ನೀವ ಅಲ್ರೀ ಸರ್?’

ಎಂಟು ಜನ, ಅಕ್ಕಾರು, ಪಕ್ಕದ ಬೆಂಚಿನ ಮೇಲೆ ಕುಳಿತಿದ್ದ ಯಾರೋ ಇಬ್ಬರು, ಎಲ್ಲರೂ ಕೇಳಿಸಿಕೊಂಡರು.

‘ಹೌದವಾ,’ ಅಂದರು ಸರ್. ‘ನಾನ ಎತ್ತೀನಿ.’

ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಮನೆಗೆ ಮುಟ್ಟಿಸಿದರು. ಖಾನಾಪುರದ ಅಂಕಣದಲ್ಲಿ ನಮ್ಮ ಕಾಲೇಜಿನ ಹೆಸರು ಕೂಗಿ, ಗೈರು ಎಂದು ಬರೆದುಕೊಂಡರಂತೆ. ನಾನು ಮತ್ತೆ ಮೈದಾನಕ್ಕೆ ಹೋಗಲಿಲ್ಲ. ಪರೀಕ್ಷೆ ಬರೆದೆ, ಪಾಸಾದೆ. ಈಗ ಒಂದು ಸೀರೆ ಅಂಗಡಿಯಲ್ಲಿ ಸೀರೆ ಮಡಚಿ ಚೀಟಿ ಅಂಟಿಸುವ ಕೆಲಸ ಮಾಡುತ್ತೇನೆ. ಸರ್ ದಾರಿಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಿದ್ದೆ. ಅವರು ‘ಆರಾಮ ಅದಿಯೇನವಾ’ ಎಂದು ಕೇಳುತ್ತಿದ್ದರು. ಹ್ಞೂಂರಿ ಅನ್ನುತ್ತಿದ್ದೆ. ಐದು ವರ್ಷ ನಮ್ಮ ನಡುವೆ ಇಷ್ಟೇ ಮಾತು.

ಒಮ್ಮೆ ಅಂಕಪಟ್ಟಿ ತರಲು ಕಾಲೇಜಿಗೆ ಹೋಗಿದ್ದೆ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿತ್ತು. ಸರ್ ಗೋಡೆಗೆ ಮುಖ ಮಾಡಿ ನಿಂತಿದ್ದರು. ಮುಧೋಳದ ಸರ್ ಟೇಪು ಹಿಡಿದು ಬಗ್ಗಿ ಅಳೆಯುತ್ತಿದ್ದರು. ಎರಡು ಕಾಲೇಜಿನ ಹುಡುಗಿಯರನ್ನು ಕೂಡಿಸಿ, ವಲಯದ ಹೊರಗೆ ಸುಮ್ಮನೆ ಒಂದು ಪಂದ್ಯ ಆಡಿಸೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಲೆಕ್ಕಕ್ಕೆ ಬಾರದ ಪಂದ್ಯಕ್ಕೆ ಪಾಠ ಬಿಡಿಸಿ ಕಳಿಸಲು ಎರಡೂ ಕಾಲೇಜಿನವರು ಒಪ್ಪಿರಲಿಲ್ಲ. ಆ ಮಾತು ಇಬ್ಬರಿಗೂ ಹಿಂದಿನ ದಿನವೇ ತಿಳಿದಿತ್ತು. ಆದರೂ ಒಬ್ಬರು ಗೆರೆ ಎಳೆದಿದ್ದರು, ಇನ್ನೊಬ್ಬರು ಬಸ್ಸು ಹಿಡಿದು ಅಳೆಯಲು ಬಂದಿದ್ದರು. ಆ ದಿನ ಅವರು ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಿರಲಿಲ್ಲ. ನಾನು ಆಫೀಸಿನ ಕಟ್ಟೆಯ ಮೇಲೆ ನಿಂತು ನೋಡಿದೆ. ಹೋಗಿ ಮಾತಾಡಿಸಬಹುದಿತ್ತು. ಅಂಕಪಟ್ಟಿ ತೆಗೆದುಕೊಂಡು ಮನೆಗೆ ಬಂದೆ.

ಈ ಸಲದ ಫೆಬ್ರುವರಿಯಲ್ಲಿ ಸರ್ ತೀರಿಕೊಂಡರು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕುಳಿತರಂತೆ. ಜಮಖಂಡಿಯ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಸುದ್ದಿ ಬಂದಾಗ ನನ್ನ ಕೈಯಲ್ಲಿ ಅರ್ಧ ಮಡಚಿದ ಸೀರೆ ಇತ್ತು. ಅದನ್ನು ಪೂರ್ತಿ ಮಡಚಿ, ಚೀಟಿ ಅಂಟಿಸಿ, ಆಮೇಲೆ ಮಾಲೀಕರಿಗೆ ಹೇಳಿ ಹೊರಟೆ. ಹಾಗೇಕೆ ಮಾಡಿದೆನೋ ತಿಳಿಯದು.

ಮನೆಯ ಪಡಸಾಲೆಯಲ್ಲಿ ಅವರನ್ನು ಕುಳ್ಳಿರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಅಕ್ಕಾರು ನನ್ನನ್ನು ನೋಡಿ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ಬಸ್ ನಿಲ್ದಾಣದ ಮಾತು ಅವರಿಗೆ ನೆನಪಿತ್ತೋ ಇಲ್ಲವೋ, ಅವರ ಮುಖದಲ್ಲಿ ತಿಳಿಯಲಿಲ್ಲ.

ಮುಧೋಳದ ಸರ್ ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಬಹಳ ಇಳಿದುಹೋಗಿದ್ದರು. ನನ್ನ ಗುರುತು ಹತ್ತಲಿಲ್ಲ. ಸರ್ ಕೈಕೆಳಗೆ ಆಡಿದವಳು ಎಂದಷ್ಟೇ ಹೇಳಿದೆ. ಪಕ್ಕದ ಕುರ್ಚಿ ತೋರಿಸಿ ಕೂರಿಸಿಕೊಂಡರು. ಪ್ರತಿ ವರ್ಷದ ಸಭೆಯಲ್ಲಿಯೂ ನಮ್ಮ ಸರ್ ಎದ್ದು ನಿಂತು, ನಾಲ್ಕೂರನ್ನು ಮತ್ತೆ ಕೂಡಿಸಿರಿ ಎಂದು ಕೇಳುತ್ತಿದ್ದರಂತೆ. ಜಮಖಂಡಿ, ಬೀಳಗಿಗಳಲ್ಲಿ ಈಗ ಹೊಸಬರು ಬಂದಿದ್ದಾರೆ, ಅವರಿಗೆ ಇದೇನೂ ಗೊತ್ತಿಲ್ಲ. ಪರವಾಗಿ ಕೈ ಎತ್ತುತ್ತಿದ್ದವರು ಇವರಿಬ್ಬರೇ. ಹೋದ ವರ್ಷ ಕೆಲವರು ನಕ್ಕರಂತೆ.

ಅವರೇ ಮತ್ತೆ ಮಾತಾಡಿದರು.

‘ವಲಯ ಒಡೆದ ಆ ಸಭಾಕ್ಕ ಹೋಗೂ ಮುಂದ ಹೊರಗ ಚಾ ಕುಡ್ಯಾಕ ನಿಂತಿದ್ವಿ. ನಮ್ಮಲ್ಲಿ ಒಬ್ಬಾಕಿ ಹುಡುಗಿ ಅದಾಳ, ಪೊಲೀಸ ಆಗಬೇಕಂತಾಳ, ಆಕೀನ್ನ ನಾಕ ಮಂದಿ ನೋಡಬೇಕಪಾ, ಅದಕ್ಕ ಈ ಸಲ ಕೈ ಎತ್ತತೀನಿ ಅಂದ. ನಾನೂ ಹ್ಞೂಂ ಅಂದೆ.’ ನನ್ನ ಕಡೆ ತಿರುಗಿ ಕೇಳಿದರು, ‘ಯಾರವಾ ಆಕಿ? ನೌಕರಿ ಆತೇನು ಆಕೀಗಿ?’

‘ಗೊತ್ತಿಲ್ರಿ ಸರ್,’ ಅಂದೆ.

ಅವರು ತಲೆ ಆಡಿಸಿದರು. ಆ ಹೊತ್ತಿಗೆ ಒಳಗಿನಿಂದ ಎತ್ತುವ ಸಮಯವಾಯಿತು ಎಂದು ಕರೆದರು. ಅವರು ಎದ್ದು ಹೋದರು. ನಾನು ಹೆಂಗಸರ ಜೊತೆ ಹಿತ್ತಲ ಬಾಗಿಲಲ್ಲಿ ನಿಂತೆ.

ಸರ್ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ವಲಯಗಳನ್ನು ಈ ವರ್ಷ ಮತ್ತೆ ಹಂಚುತ್ತಾರೆ, ಇನ್ನೂ ಕೆಲವು ಕಾಲೇಜುಗಳನ್ನು ಸೇರಿಸುತ್ತಾರೆ ಎಂದು ಕೇಳಿದ್ದೇನೆ. ಅಂಗಡಿಗೆ ಹೋಗುವಾಗ ದಿನಾಲು ಕಾಲೇಜಿನ ಮುಂದೆಯೇ ಹಾಯುತ್ತೇನೆ. ಗೇಟಿನ ಒಳಗೆ ಹುಡುಗಿಯರು ಗುಂಪು ಗುಂಪಾಗಿ ನಿಂತಿರುತ್ತಾರೆ. ಅವರಲ್ಲಿ ಯಾರು ಜೋರಾಗಿ ಓಡಬಲ್ಲರು ಎಂಬುದು ಯಾರಿಗೂ ಗೊತ್ತಿಲ್ಲ. ಅವರಿಗೆ ಖೋ ಖೋ ತಂಡವಿಲ್ಲ.