ಬಾಗೇ ಆಮಿನಲ್ಲಿ ಚೆಲ್ಲಿದ ಚರಗ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟೋ ಸಲ. ನೌಕರಿ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಮಕ್ಕಳ ಮದುವೆಯಾಗಲಿ ಎಂದುಕೊಂಡೆ, ಆದವು. ಆಮೇಲೆ ಕಣ್ಣು ಮಂಜಾಗಿ, ಅಕ್ಷರ ಕಾಣುವುದಿಲ್ಲ ಎಂಬ ನೆಪವೂ ಸಿಕ್ಕಿತು. ಈ ಸಲದ ದೀಪಾವಳಿ ಕಳೆದ ಮೇಲೆ ಕೊಪ್ಪಳದಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಅರ್ಧ ತಾಸು ಕೂಡ ಹಿಡಿಯಲಿಲ್ಲ. ಮರುದಿನ ಪಟ್ಟಿ ಬಿಚ್ಚಿದ ನರ್ಸ್ ಹುಡುಗಿ, "ಏನ್ ಕಾಣತೈತ್ರಿ ಅಜ್ಜಾರ?" ಎಂದು ಕೇಳಿದಳು. ಕಿಟಕಿಯ ಹೊರಗೆ ಚೆಂಡುಹೂವಿನ ಮಡಿ ಇತ್ತು. "ಹಳದಿ ಹೂವ" ಅಂದೆ. ಅಷ್ಟಕ್ಕೇ ಅಳು ಬಂತು. "ಕಣ್ಣಾಗ ನೀರು ತರಬಾರದ್ರಿ, ನಿಮಗ ನಿನ್ನೇನ ಹೇಳಿಲ್ಲೇನ್ರಿ" ಎಂದು ಆಕೆ ಗದರಿದಳು.

ಇನ್ನು ನೆಪ ಉಳಿದಿಲ್ಲ. ಇದು ನನ್ನ ದೊಡ್ಡವ್ವನ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿಯ ಮಾತು. ಅವಳ ಹೆಸರನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಕೈ ಮುಂದೆ ಸಾಗಲಿಕ್ಕಿಲ್ಲ.

ಆಗ ನಾನು ಹನ್ನೊಂದು ವರ್ಷದವನು. ಹನುಮಸಾಗರದ ಆಚೆಗೆ ನಮ್ಮೂರು. ನಿಜಾಮರ ಆಳಿಕೆ ಹೋಗಿ ವರ್ಷಗಳಾಗಿದ್ದರೂ ಆ ಕಾಲಕ್ಕೆ ನಮ್ಮ ಕಡೆಯ ಹಿರಿಯರಿಗೆ ದೊಡ್ಡ ಪಟ್ಟಣ ಎಂದರೆ ಹೈದರಾಬಾದೇ. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಅಲ್ಲಿ ಕಾರಕೂನನಾಗಿದ್ದ. ದೊಡ್ಡವ್ವನ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನನ್ನನ್ನು ಹೆತ್ತವಳು ಅವ್ವನಾದರೂ ಸಾಕಿದವಳು ಅವಳು. ಅವಳ ಕೌದಿಯೊಳಗೇ ನಾನು ಮಲಗುತ್ತಿದ್ದೆ. ಅವಳ ಸೆರಗಿಗೆ ಒಲೆಯ ಹೊಗೆಯ, ಬಿಸಿ ರೊಟ್ಟಿಯ ವಾಸನೆ ಇರುತ್ತಿತ್ತು.

ಆ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಪಲ್ಯಕ್ಕೆ ಎರಡೆರಡು ಸಲ ಖಾರ ಬೀಳತೊಡಗಿತು. ಕಾಕಾ ಪತ್ರ ಬರೆದ: ಇಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಮಾಡುತ್ತಾರೆ, ವೈನಿಯನ್ನು ಕಳಿಸಿರಿ. ಆದರೆ ಎರಡೂ ಕಣ್ಣು ಕಟ್ಟಿ ಎಂಟು ದಿನ ಅಲುಗದಂತೆ ಮಲಗಿಸುತ್ತಾರೆ, ಹಗಲೆಲ್ಲ ಪಕ್ಕದಲ್ಲಿ ಒಬ್ಬರು ಇರಬೇಕು. ನನ್ನ ಹೆಂಡತಿ ಬಾಣಂತಿ, ನನಗೆ ರಜೆ ಸಿಗದು.

"ನಮ್ಮ ತಮ್ಮ ಅದಾನಲ್ಲ, ಅಂವ ನನ್ನ ಕೈ ಹಿಡಕೊಂಡು ಕುಂದರ್ತಾನ" ಎಂದಳು ದೊಡ್ಡವ್ವ. ತಮ್ಮ ಎಂದರೆ ನಾನು. ಸಾಲಿ ಬಿಡಿಸಿ ನನ್ನನ್ನು ಕಳಿಸಿದ್ದು ಅದೊಂದೇ ಕೆಲಸಕ್ಕೆ.

ಕೊಪ್ಪಳದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು ಮತ್ತೆ ಹತ್ತಿ, ಹೈದರಾಬಾದು ಸೇರಿದೆವು. ಆಸ್ಪತ್ರೆಯವರು ಮೂರು ವಾರ ಬಿಟ್ಟು ಬರಲು ಹೇಳಿದರು. ಆ ಮೂರು ವಾರಗಳಲ್ಲಿ ನಾನು ಆ ಊರಿನ ತೋಟಗಳನ್ನು ನೋಡಿದೆ. ಊರ ತುಂಬ ಬಾಗ್, ಅಂದರೆ ತೋಟ, ಎಂಬ ಹೆಸರೇ. ಜಾಮ್‌ಬಾಗ್, ಬಶೀರ್‌ಬಾಗ್ ಎಂದು ಕಾಕಾ ಹೆಸರು ಹೇಳುತ್ತ ನಡೆಸಿಕೊಂಡು ಹೋಗುತ್ತಿದ್ದ. ಹೋಗಿ ನೋಡಿದರೆ ಅಲ್ಲಿ ಬರೀ ಮನೆ, ಅಂಗಡಿ. "ತೋಟ ಎಲ್ಲೈತೋ?" ಎಂದು ದೊಡ್ಡವ್ವ ಕೇಳಿದರೆ, "ತೋಟ ಹೋತು ವೈನಿ, ಹೆಸರು ಉಳೀತು" ಎನ್ನುತ್ತಿದ್ದ.

ನಿಜವಾಗಿ ಉಳಿದಿದ್ದ ತೋಟ ನಾಂಪಲ್ಲಿಯ ಬಾಗೇ ಆಮ್. ನವಾಬರ ಕಾಲದ ಸಾರ್ವಜನಿಕ ಉದ್ಯಾನ. ಕಾಕಾನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ದೊಡ್ಡ ಬಾಗಿಲು, ಇಬ್ಬರು ತಬ್ಬಿದರೂ ಸಾಲದ ಮರಗಳು, ತಾವರೆಯ ಕೊಳ. ಅಲ್ಲಿದ್ದ ಹುಲಿ ಸಿಂಹಗಳನ್ನು ಅಷ್ಟೊತ್ತಿಗೆ ಬೇರೆ ಕಡೆ ಸಾಗಿಸಿದ್ದರು, ಅದೊಂದು ನನಗೆ ಬೇಸರ. ಬಾಗಿಲಲ್ಲಿ ಉಪ್ಪು ಖಾರ ಹಚ್ಚಿದ ಪೇರಲ ಹಣ್ಣು ಮಾರುತ್ತಿದ್ದರು. ಒದ್ದೆ ಹುಲ್ಲಿನ ವಾಸನೆಗೆ ಪೇರಲದ ವಾಸನೆ ಸೇರಿ ಬರುತ್ತಿತ್ತು. ಇವತ್ತಿಗೂ ಪೇರಲ ಹೆಚ್ಚುವಾಗ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ಮೊದಲ ದಿನ ದೊಡ್ಡವ್ವ ಬಗ್ಗಿ ಹುಲ್ಲು ಮುಟ್ಟಿ ನೋಡಿದಳು.

"ಇಷ್ಟು ಹುಲ್ಲು ಐತಿ, ಒಂದು ದನದ ಸಪ್ಪಳಿಲ್ಲ. ಇದನ್ನ ಕೊಯ್ದು ಯಾರಿಗೆ ಹಾಕ್ತಾರ?"

"ಯಾರಿಗೂ ಇಲ್ಲ ವೈನಿ. ಬರೀ ನೋಡಾಕ."

"ನೋಡಾಕ ಹುಲ್ಲೇನು? ಈ ನವಾಬರಿಗೆ ಹೊಟ್ಟಿ ಭಾಳ ತುಂಬಿತ್ತು ಬಿಡು."

ಆಮೇಲೆ ದಿನಾ ಸಂಜೆ ನಾನೇ ಅವಳ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಹೂವಿನ ಮಡಿಗಳ ಮುಂದೆ ನಿಂತು ಅವಳು ಬಣ್ಣ ಕೇಳುವಳು, ನಾನು ಕೆಂಪು, ಹಳದಿ, ನೀಲಿ ಎಂದು ಹೇಳುವೆ. "ಕಣ್ಣು ಬಂದ ಮ್ಯಾಲ ನಾನ ಬಂದು ನೋಡ್ತೀನಿ. ಸುಳ್ಳು ಹೇಳಿದ್ರ ಸಿಗಬೀಳ್ತಿ, ನೋಡು" ಎಂದು ನಗುತ್ತಿದ್ದಳು.

ದಿನ ಕಳೆದಂತೆ ನನಗೆ ಬೇರೆ ರುಚಿ ಹತ್ತಿತು. ಕಾಕಾನ ಮಗ ಪ್ರಕಾಶ ನನಗಿಂತ ಒಂದು ವರ್ಷ ದೊಡ್ಡವನು. ಬೂಟು ಹಾಕುತ್ತಿದ್ದ, ಅಲ್ಲಿಯ ಹಿಂದಿ ಆಡುತ್ತಿದ್ದ. ತೋಟದಲ್ಲಿ ಅವನ ಗೆಳೆಯರ ಜೊತೆ ಚೆಂಡಾಟ. ನನ್ನ ಮಾತು ಕೇಳಿ ಅವರು ನಗುತ್ತಿದ್ದರು. ನಾನೂ ಬೇಗ ಬೇಗ "ಹೌ", "ನಕ್ಕೋ", "ಮಾಲೂಮ್ ನೈ" ಕಲಿತೆ. ಹೌ ಎಂದರೆ ಹೌದು, ನಕ್ಕೋ ಎಂದರೆ ಬೇಡ, ಮಾಲೂಮ್ ನೈ ಎಂದರೆ ಗೊತ್ತಿಲ್ಲ.

ಆಸ್ಪತ್ರೆಗೆ ಸೇರುವುದು ಇನ್ನು ನಾಲ್ಕು ದಿನ ಎನ್ನುವಾಗ ಎಳ್ಳ ಅಮಾವಾಸ್ಯೆ ಬಂತು. ಓದುವವರಲ್ಲಿ ಎಷ್ಟು ಜನ ಚರಗ ಚೆಲ್ಲಿದ್ದೀರೋ ತಿಳಿಯದು. ಆ ಹೊತ್ತಿಗೆ ಹೊಲದಲ್ಲಿ ಜೋಳ ಹೊಡೆ ತುಂಬಿರುತ್ತದೆ, ಭೂಮ್ತಾಯಿ ಬಸುರಿ. ಅವಳ ಬಯಕೆ ತೀರಿಸಲು ಕಡಬು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ ಎಲ್ಲ ಕಲೆಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಮುಂದಿನವರು ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುವವರು "ಚಳ್ಳಂಬ್ರಿಗ್ಯೋ" ಎಂದು ಓಗೊಡಬೇಕು. ಓಗೊಡದಿದ್ದರೆ ತಾಯಿ ಉಣ್ಣುವುದಿಲ್ಲ ಎನ್ನುತ್ತಿದ್ದಳು ದೊಡ್ಡವ್ವ. ನನಗೆ ನಡೆಯಲು ಬಂದಾಗಿನಿಂದ ಅವಳ ಹಿಂದಿನ ತಂಬಿಗೆ ನನ್ನದು.

ಬೆಳಿಗ್ಗೆ ಅವಳು ಕಣ್ಣು ಕಾಣದಿದ್ದರೂ ತಡವರಿಸುತ್ತ ಕಡಬು ಮಾಡಿದಳು.

"ಇಲ್ಲೆ ಹೊಲ ಎಲ್ಲೈತಿ ವೈನಿ?" ಎಂದು ಕಾಕಾ ನಕ್ಕ.

"ಮಣ್ಣು ಐತಲ್ಲೋ. ಹೊಲದ ಮಣ್ಣು ಬ್ಯಾರೆ, ತೋಟದ ಮಣ್ಣು ಬ್ಯಾರೆ ಏನು?"

ಮಧ್ಯಾಹ್ನ ಬುತ್ತಿ ಅವಳ ಕೈಯಲ್ಲಿ, ಊರಿಂದ ತಂದ ತಂಬಿಗೆ ನನ್ನ ಕೈಯಲ್ಲಿ. ಪ್ರಕಾಶನೂ ಬಂದ. ತೋಟದಲ್ಲಿ ಅವನ ಗೆಳೆಯರು ಆಗಲೇ ಆಡುತ್ತಿದ್ದರು. ದೊಡ್ಡವ್ವನನ್ನು ಒಂದು ಹೂವಿನ ಮಡಿಯ ಹತ್ತಿರ ನಿಲ್ಲಿಸಿ, "ಇಲ್ಲೇ ನಿಂದ್ರು, ಬಂದೆ" ಎಂದು ಕೈ ಬಿಡಿಸಿಕೊಂಡೆ. ಚೆಂಡು ನನ್ನ ಕಡೆ ಬರುತ್ತಿತ್ತು. ತಂಬಿಗೆಯನ್ನು ಕಲ್ಲು ಬೆಂಚಿನ ಹಿಂದೆ ಇಟ್ಟೆ.

ಅವಳು ಬಹಳ ಹೊತ್ತು ಕಾದಿರಬೇಕು. ಆಮೇಲೆ ಬುತ್ತಿ ಬಿಚ್ಚಿ, ಆಗತಾನೇ ಸಸಿ ನೆಟ್ಟಿದ್ದ ಮಡಿಯೊಳಗೆ ಇಳಿದು ಚರಗ ಚೆಲ್ಲಿ ಕೂಗಿದಳು.

"ಹುಲ್ಲುಲ್ಲಿಗ್ಯೋ..."

ಆಟ ನಿಂತಿತು. ಹುಡುಗರು ನಕ್ಕರು. ಪ್ರಕಾಶ ಮುಖ ಬೇರೆ ಕಡೆ ತಿರುಗಿಸಿದ. ಅವಳು ಕುತ್ತಿಗೆ ಹೊರಳಿಸಿ ನನ್ನ ದನಿಗಾಗಿ ಕಿವಿ ಕೊಟ್ಟಳು. ನಾನು ಬಾಯಿ ಬಿಡಲಿಲ್ಲ. ಅವಳು ಇನ್ನೊಂದು ಹಿಡಿ ಚೆಲ್ಲಿ ಮತ್ತೆ ಕೂಗಿದಳು, ಈ ಸಲ ಸ್ವಲ್ಪ ಸಣ್ಣಗೆ.

ಮಾಲಿ ಓಡಿ ಬಂದ. ಮುಪ್ಪಿನವನು, ತಲೆಗೆ ರುಮಾಲು. ಸಸಿ ತುಳಿದದ್ದಕ್ಕೆ ಬೈದ. ಅವಳು ಕೈ ಮುಗಿದು, "ನಮ್ಮ ಹುಡುಗ ಅದಾನ್ರಿ ಇಲ್ಲೇ. ನೀರಿನ ತಂಬಿಗಿ ಅವನ ಕೈಯಾಗ ಐತಿ. ತಮ್ಮಾ, ಬಾರೋ, ಇವರಿಗೆ ಹೇಳು" ಎಂದು ಕರೆದಳು. ಅವಳು ಕೈ ತೋರಿಸಿದ ಕಡೆ ಯಾರೂ ಇರಲಿಲ್ಲ. ನಾನು ಈ ಕಡೆ ಹತ್ತು ಮಾರು ದೂರದಲ್ಲಿದ್ದೆ.

ಮಾಲಿ ನಮ್ಮನ್ನು ನೋಡಿ ಕೇಳಿದ: "ಯೇ ಅಮ್ಮಾ ತುಮಾರೀ ಹೈ ಕ್ಯಾ?" ಈ ಅಮ್ಮ ನಿಮ್ಮವರೇನು ಎಂದು.

ಅವನು ನನ್ನ ಮೇಲೇ ಕಣ್ಣಿಟ್ಟಿದ್ದ. ನಾನು, "ಮಾಲೂಮ್ ನೈ" ಅಂದೆ.

ಅವಳಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದೆ. ನಿಜಾಮರ ಕಾಲದಲ್ಲಿ ಹುಟ್ಟಿ ಬೆಳೆದವಳಿಗೆ, ಕಂದಾಯದವರ, ಪೊಲೀಸರ ಮಾತೆಲ್ಲ ಕೇಳಿದವಳಿಗೆ, ಆ ಎರಡು ಶಬ್ದ ತಿಳಿಯದೆ ಇರುತ್ತವೆಯೇ? ನನ್ನ ದನಿಯಂತೂ ಅವಳಿಗೆ ಸಾವಿರ ದನಿಗಳ ನಡುವೆಯೂ ಗೊತ್ತು. ಮುಗಿದ ಕೈ ಕೆಳಗಿಳಿಸಿದಳು. ಮತ್ತೆ ತಮ್ಮಾ ಎಂದು ಕರೆಯಲಿಲ್ಲ. ಮಾಲಿ ಆಮೇಲೆ ಮೆತ್ತಗಾಗಿ ಅವಳ ರಟ್ಟೆ ಹಿಡಿದು ನಡೆಸಿಕೊಂಡು ಹೋಗಿ ಬಾಗಿಲ ಹತ್ತಿರದ ನೆರಳಲ್ಲಿ ಕೂರಿಸಿದ.

ನಾನು ಸಂಜೆಯವರೆಗೆ ಆಡಿದೆ. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಹೊತ್ತು ಇಳಿದ ಮೇಲೆ ತಂಬಿಗೆ ಎತ್ತಿಕೊಂಡು ಬಾಗಿಲಿಗೆ ಹೋದೆ. ಅವಳ ಸೀರೆಯ ಅಂಚಿಗೆ ಮಣ್ಣು ಹತ್ತಿತ್ತು.

"ಎಲ್ಲಿ ಹೋಗಿದ್ದಿ ದೊಡ್ಡವ್ವ? ಹುಡುಕಿ ಹುಡುಕಿ ಸಾಕಾತು."

"ಹೌದೇನಪಾ" ಎಂದಳು. ಆಮೇಲೆ "ತಂಬಿಗ್ಯಾಗ ನೀರು ಐತೇನು?" ಎಂದು ಕೇಳಿದಳು. ತುಂಬಿದ್ದ ತಂಬಿಗೆ ಹಾಗೇ ಇತ್ತು. ಅಷ್ಟೂ ನೀರನ್ನು ಗಟಗಟ ಕುಡಿದಳು.

ಮನೆಗೆ ಬಂದು ಕಾಕಾನಿಗೆ ಹೇಳಿದಳು: "ನಾಳೆ ನಮ್ಮನ್ನ ರೈಲಿಗೆ ಹತ್ತಸು."

"ನಾಕು ದಿನ ಉಳದೈತಿ ವೈನಿ. ಈಗ ಹೋದ್ರ ಹೆಂಗ?"

"ಎಂಟು ದಿನ ಕಣ್ಣು ಕಟ್ತಾರ. ಹುಡುಗ ಸಣ್ಣಾವ. ಅವಗ ಯಾಕ ಆ ತ್ರಾಸು."

ಕಾಕಾ ಬೈದ, ಬೇಡಿಕೊಂಡ. ಅವಳು ನನ್ನ ಹೆಸರು ಎತ್ತಲಿಲ್ಲ. ತಪ್ಪಾಯಿತು ಎಂದು ನಾನು ಒಂದು ಮಾತು ಅಂದಿದ್ದರೆ ಉಳಿಯುತ್ತಿದ್ದಳು. ಗೋಡೆಗೆ ಆತು ನಿಂತು ಎಲ್ಲ ಕೇಳುತ್ತಿದ್ದ ನಾನು ಅದನ್ನು ಅನ್ನಲಿಲ್ಲ.

ಮತ್ತೆ ಹೈದರಾಬಾದಿಗೆ ಅವಳು ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಅಪ್ಪ ಹುಬ್ಬಳ್ಳಿಯಲ್ಲಿ ತೋರಿಸಿದಾಗ, ಪೊರೆ ಮಾಗಿ ಒಳಗೆ ಕೆಟ್ಟಿದೆ, ಇನ್ನು ಬೆಳಕು ಬರುವುದಿಲ್ಲ ಎಂದರು. ಹೈದರಾಬಾದಿನಿಂದ ಬಂದ ಮರುವರ್ಷದ ಚರಗಕ್ಕೆ ತಂಬಿಗೆಯನ್ನು ನನ್ನ ತಂಗಿಯ ಕೈಗೆ ಕೊಟ್ಟಿದ್ದಳು. "ನೀ ಸಾಲಿ ಕಲಿಯೋ ಹುಡುಗ, ಮಣ್ಣು ಯಾಕ ತುಳೀತಿ" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಾನು ಹೈಸ್ಕೂಲು ಮುಗಿಸಿ ಟಪಾಲು ಹಂಚುವ ನೌಕರಿಗೆ ಸೇರಿದೆ. ಅವಳು ಕುರುಡಿಯಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ಕೊನೆಯ ಹಾಸಿಗೆಯಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಕೇಳಿದಳು:

"ತಮ್ಮಾ, ಆ ತೋಟದಾಗ ಹೂವು ಖರೇನ ಕೆಂಪಿದ್ದವೇನೋ?"

ಅವಳು ನನಗೆ ಬಾಗಿಲು ತೆರೆದು ಕೊಟ್ಟಿದ್ದಳು. ತಪ್ಪಾಯಿತು ಎನ್ನಲು ಅದೇ ಹೊತ್ತು. ನಾನು ಹೇಳಿದ್ದು ಇಷ್ಟು: "ಕೆಂಪಿದ್ದವು ದೊಡ್ಡವ್ವ. ಹಳದೀನೂ ಇದ್ದವು."

"ಛಲೋ ಆತು" ಎಂದಳು. ಎರಡು ದಿನಕ್ಕೆ ಹೋದಳು.

ಕೆಲವು ವರ್ಷಗಳ ಹಿಂದೆ ಮದುವೆಗೆಂದು ಹೈದರಾಬಾದಿಗೆ ಹೋದಾಗ ಬಾಗೇ ಆಮಿಗೂ ಹೋಗಿದ್ದೆ. ಹೊರಗೆ ಮೆಟ್ರೋ ಕಂಬಗಳು. ಒಳಗೆ ಹಳೆಯ ಮರಗಳು ಕೆಲವು ಇನ್ನೂ ಇವೆ. ಅವಳು ಚರಗ ಚೆಲ್ಲಿದ ಮಡಿ ಯಾವುದೆಂದು ಗುರುತು ಹತ್ತಲಿಲ್ಲ. ಕಿವಿಗೆ ಏನೋ ಸಿಕ್ಕಿಸಿಕೊಂಡು ನಡೆಯುವವರು ನನ್ನನ್ನು ಸುತ್ತಿ ಹೋಗುತ್ತಿದ್ದರು.

ಊರ ಹೊಲದಲ್ಲಿ ಈಗ ಗಾಳಿಯಂತ್ರ ನಿಂತಿದೆ. ಅದರ ಬುಡದಲ್ಲಿ ಎರಡು ಎಕರೆ ಜೋಳ ಉಳಿದಿದೆ. ಮೊನ್ನೆ ಎಳ್ಳ ಅಮಾವಾಸ್ಯೆಗೆ, ಹೊಸ ಕಣ್ಣಿನಲ್ಲಿ, ಅದೇ ತಂಬಿಗೆ ಹಿಡಿದು ಒಬ್ಬನೇ ಹೋದೆ. ಮೊಮ್ಮಕ್ಕಳಿಗೆ ಚರಗ ಗೊತ್ತಿಲ್ಲ, ತಂಗಿ ತೀರಿಕೊಂಡಿದ್ದಾಳೆ. ಬದುವಿನ ಮೇಲೆ ನಿಂತು ಕಾದೆ. ಓಗೊಡುವ ಮಾತು ನನಗೆ ಗೊತ್ತು, ಕೂಗುವವರು ಇಲ್ಲ. ಕೂಗು ಬಾರದೆ ಓಗೊಡಲು ಬರುವುದಿಲ್ಲ. ನೀರನ್ನು ಜೋಳದ ಬುಡಕ್ಕೆ ಸುರಿದು ಬಂದೆ.

ಅವಳ ಹೆಸರು ದ್ಯಾಮವ್ವ. ಆ ದಿನ ಮಾಲಿ ಕೇಳಿದಾಗ ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಈಕಿ ದ್ಯಾಮವ್ವ, ನಮ್ಮ ದೊಡ್ಡವ್ವ.