ಬೇಲಿಯಂಚಿನ ಕರಿಬೇವು

ಆಲಂಕಾರಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಾಚೆ ನೀಲಿ ಮನುಷ್ಯನೊಬ್ಬ ನಿಂತಿದ್ದ. ಕೈಗಳು ಮೊಣಕೈವರೆಗೆ ನೀಲಿ, ಎದೆ ನೀಲಿ, ಕಣ್ಣರೆಪ್ಪೆಯ ಮೇಲೂ ನೀಲಿ ಪುಡಿ. ನಕ್ಕಾಗ ಹಲ್ಲು ಮಾತ್ರ ಎಲೆಯಡಿಕೆಯಿಂದ ಕೆಂಪಾಗಿದ್ದವು. ನನ್ನ ಹೆಂಡತಿ ಶಾಂತಾ ಒಳಗೋಡಿ ಕದ ಹಾಕಿಕೊಂಡಳು.

ಆತ ಬಾಬಣ್ಣ. ಬೇಲಿಯಾಚೆಯ ಅಡಿಕೆ ಮರಗಳನ್ನು ಹತ್ತಿ ಮದ್ದು ಬಿಡುವವನು. ಮದ್ದು ಎಂದರೆ ಮೈಲುತುತ್ತು ಎಂಬ ತಾಮ್ರದ ನೀಲಿ ಉಪ್ಪು ಮತ್ತು ಸುಣ್ಣ ಕಲಸಿದ ನೀರು. ಒಬ್ಬ ಕೆಳಗೆ ಪಂಪು ಒತ್ತುತ್ತಾನೆ, ಇನ್ನೊಬ್ಬ ಮರದ ತುದಿಯಲ್ಲಿ ತೂಗಾಡುತ್ತ ಗೊನೆಗಳಿಗೆ ಸಿಂಪಡಿಸುತ್ತಾನೆ. ಮಳೆಗಾಲದಲ್ಲಿ ಕಾಯಿ ಕೊಳೆಯದಿರಲಿ ಎಂದು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ ನಾನು ಮೈಲುತುತ್ತನ್ನು ಗಾಜಿನ ನಳಿಕೆಯಲ್ಲಿ ಚಿಟಿಕೆಯಷ್ಟು ಕಂಡಿದ್ದೆ. ಇಲ್ಲಿ ಅದು ಪೀಪಾಯಿಗಟ್ಟಲೆ ಆಕಾಶದಿಂದ ಬೀಳುತ್ತಿತ್ತು.

ರಾಜ್ಯ ಒಂದಾಯಿತು, ನನ್ನಂಥ ಗದಗಿನ ಮೇಷ್ಟರನ್ನು ಪುತ್ತೂರು ತಾಲ್ಲೂಕಿಗೂ ಕಳಿಸಬಹುದು ಎಂದಾಯಿತು. ಅಂಗಡಿಯೊಂದರ ಹಿಂದಿನ ಎರಡು ಕೋಣೆ ನಮಗೆ ಸಿಕ್ಕವು. ಜೋಳ ಬೇಕೆಂದರೆ ಅಂಗಡಿಯವರು, "ಜೋಳ ಎಂತಕ್ಕೆ ಮಾಸ್ಟ್ರೆ? ಕೋಳಿ ಉಂಟಾ?" ಎಂದು ಕೇಳಿದರು. ಕುಚ್ಚಲಕ್ಕಿ ಗಂಜಿಗೆ ಶಾಂತಾ ಒಂದು ವಾರ ಅತ್ತಳು. ಬೀದಿಯಲ್ಲಿ ತುಳು, ಪಕ್ಕದ ಮನೆಯಲ್ಲಿ ಮಲಯಾಳ, ಸುಳ್ಯದ ಸಂಬಂಧಿಕರು ಬಂದರೆ ಅರೆಭಾಷೆ. ನನ್ನ ಕನ್ನಡ ಕೇಳಿ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಕರಿಬೇವೊಂದೇ ಪರಿಚಿತ ಮುಖ. ಅದೂ ಪೂರ್ತಿ ಅಲ್ಲ. ನಮ್ಮ ಕಡೆ ಅದು ಸಂತೆಯಲ್ಲಿ ಕೊತ್ತಂಬರಿಯ ಜೊತೆ ಬಿಟ್ಟಿ ಬರುವ ಬಾಡಿದ ಕಡ್ಡಿ. ಒಗ್ಗರಣೆಗೆ ಹಾಕುತ್ತೇವೆ, ಉಣ್ಣುವಾಗ ಎಲೆಯ ಅಂಚಿಗೆ ತಳ್ಳುತ್ತೇವೆ. ಇಲ್ಲಿ ಅದನ್ನು ಬೇವಿನ ಸೊಪ್ಪು ಎನ್ನುತ್ತಾರೆ. ಹಿತ್ತಿಲಲ್ಲಿ ಆಳೆತ್ತರ ಬೆಳೆಯುತ್ತದೆ, ಬುಡಕ್ಕೆ ಹುಳಿ ಮಜ್ಜಿಗೆ ಹೊಯ್ಯುತ್ತಾರೆ, ಯಾವ ಕಾಯಿಲೆಗೂ ಮೊದಲು ಅತ್ತ ಕೈ ಚಾಚುತ್ತಾರೆ. ಹೊಟ್ಟೆ ಕೆಟ್ಟರೆ ಮಜ್ಜಿಗೆಯಲ್ಲಿ ಅರೆದು, ಕೂದಲುದುರಿದರೆ ಎಣ್ಣೆಯಲ್ಲಿ ಕುದಿಸಿ, ಹುಳ ಕಚ್ಚಿದರೆ ಜಜ್ಜಿ ಹಚ್ಚಿ. ಇಷ್ಟೊಂದು ರೋಗಕ್ಕೆ ಒಂದೇ ಎಲೆ ಎಂದಾಗಲೇ ನನಗೆ ಅನುಮಾನ. ಎಲ್ಲವನ್ನೂ ಗುಣಪಡಿಸುವುದು ಯಾವುದನ್ನೂ ಗುಣಪಡಿಸುವುದಿಲ್ಲ ಎಂದು ತರಗತಿಯಲ್ಲಿ ಹೇಳುತ್ತಿದ್ದೆ.

ಎರಡನೆಯ ವರ್ಷ ಶಾಂತಾ ಬಸಿರಾದಳು. ಮೊದಲಿನದು ಗದಗಿನಲ್ಲಿ ಮೂರನೆಯ ತಿಂಗಳಿಗೆ ಹೋಗಿತ್ತು. ಈ ಸಲವೂ ಮೂರನೆಯ ತಿಂಗಳು. ನೀರು ಕುಡಿದರೂ ವಾಂತಿ. ಪುತ್ತೂರಿನ ಡಾಕ್ಟರರು ಕೊಟ್ಟ ಗುಳಿಗೆಯೂ ಹೊರಗೆ ಬರುತ್ತಿತ್ತು. ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

ಪಕ್ಕದ ಮನೆಯ ಏಲಿಯಮ್ಮ ಕೊಟ್ಟಾಯಂ ಕಡೆಯಿಂದ ಬಂದು ನೆಲೆಸಿದವರು. ನಮ್ಮಂತೆಯೇ ಹೊರಗಿನವರು, ಆದರೆ ನಮಗಿಂತ ಹತ್ತು ವರ್ಷ ಹಳಬರು. ಅವರು ಒಂದು ದಿನ ಹೊಸ್ತಿಲಲ್ಲಿ ಕುಳಿತು ಶಾಂತಾಳನ್ನು ಮಗಳೇ ಎಂದು ಕರೆದು ಹೇಳಿದರು. "ಮೋಳೆ, ಕರಿವೇಪ್ಪಿಲದ ರಸ, ನಿಂಬೆಹುಳಿ, ಸ್ವಲ್ಪ ಜೇನು. ನನಗೆ ಆರು ಮಕ್ಕಳು. ಆರಕ್ಕೂ ಅದೇ."

"ಆರೂ ಅದರಿಂದಲೇ ಹುಟ್ಟಿದವೋ?" ಎಂದೆ ನಾನು.

"ಮಾಷಿಗೆ ಪುಸ್ತಕದಲ್ಲಿ ಇಲ್ಲದ್ದೆಲ್ಲ ನಗೆ," ಎಂದರು ಏಲಿಯಮ್ಮ. "ಪುಸ್ತಕಕ್ಕೆ ವಾಂತಿ ಬರುವುದಿಲ್ಲ ಅಲ್ಲವಾ?"

ಶಾಂತಾ ನಗಲಿಲ್ಲ. "ಎಲ್ಲಾ ನೋಡೇವಿ. ಇದೊಂದು ನೋಡೋಣು ತಗೋರಿ," ಎಂದಳು. ಆ ದನಿಗೆ ಸೋತು ನಾನೇ ಬೇಲಿಯಂಚಿನ ಗಿಡದಿಂದ ಸೊಪ್ಪು ಕೊಯ್ದು ತಂದೆ. ಏಲಿಯಮ್ಮ ಅರೆದು ಹಿಂಡಿದರು. ಬುಧವಾರ ಬೆಳಿಗ್ಗೆ ಶಾಂತಾ ಅರ್ಧ ಲೋಟ ಕುಡಿದಳು. ಗಂಟೆಯೊಳಗೆ ವಾಂತಿಯಾಯಿತು, ಮತ್ತೆ ಆಯಿತು.

ಮಧ್ಯಾಹ್ನ ಬಾಬಣ್ಣ ಬೇಲಿಯಾಚೆಯಿಂದ ಕೂಗಿದ. "ಮಾಸ್ಟ್ರೆ, ಆ ಗಿಡದ ಸೊಪ್ಪು ಸದ್ಯ ತೆಗಿಬೇಡಿ. ನಿನ್ನೆ ಸಂಜೆ ಮದ್ದು ಬಿಟ್ಟದ್ದು. ಗಾಳಿಗೆ ಎಲ್ಲ ಅದರ ಮೇಲೆಯೇ ಬಂದಿದೆ."

ಮೈಲುತುತ್ತು ಹೊಟ್ಟೆಗೆ ಹೋದರೆ ಮೊದಲ ಲಕ್ಷಣ ವಾಂತಿ. ಬಸುರಿಗೂ ವಾಂತಿ. ಯಾವುದು ಯಾವುದೆಂದು ಹೇಳುವುದು ಹೇಗೆ?

"ಆಗಲೇ ಕುಡಿಸಿ ಆಯಿತು," ಎಂದೆ.

ಬಾಬಣ್ಣ ಬೇಲಿ ದಾಟಿ ಬಂದ. "ಅಯ್ಯೋ ಮಾರಾಯ್ರೆ! ಸೊಪ್ಪು ಕೊಯ್ಯುವ ಮೊದಲು ಮೇಲೆ ನೋಡುದಲ್ಲವಾ? ಇಲ್ಲಿ ಅಷ್ಟು ಸಣ್ಣ ಮಕ್ಕಳಿಗೂ ಗೊತ್ತುಂಟು."

ನಾನು ಮೇಲೆ ನೋಡಿರಲಿಲ್ಲ. ನಮ್ಮ ಕಡೆಯ ಹತ್ತಿ, ಶೇಂಗಾ ಎಲ್ಲ ನೆಲದ ಹತ್ತಿರ. ನಾವು ಬಗ್ಗಿ ನೋಡುವ ಜನ. ಬೆಳೆ ತಲೆಯ ಮೇಲಿರುವ ಊರಿನಲ್ಲಿ ಒಂದು ವರ್ಷ ಬಾಳಿಯೂ ನನ್ನ ಕುತ್ತಿಗೆ ಅದನ್ನು ಕಲಿತಿರಲಿಲ್ಲ.

ತಾಮ್ರದ ವಿಷಕ್ಕೆ ಮೊಟ್ಟೆಯ ಬಿಳಿ ಕೊಡಬೇಕೆಂದು ಎಲ್ಲೋ ಓದಿದ ನೆನಪು. ಏಲಿಯಮ್ಮ ಎರಡು ಮೊಟ್ಟೆ ಹಿಡಿದು ಓಡಿ ಬಂದರು. ಶಾಂತಾ ಗೋಡೆಯ ಕಡೆ ತಿರುಗಿದಳು. "ಸತ್ತರೂ ತತ್ತಿ ಮುಟ್ಟೂದಿಲ್ಲ."

"ಸಾಯಬೇಡ ಅಂತ ಕೊಡಾಕತ್ತೀನಿ," ಎಂದೆ. ಕೊನೆಗೆ ಹಾಲು ಕುಡಿದಳು.

ಬಾಬಣ್ಣ ಅರೆದ ಸೊಪ್ಪಿನ ಗಸಿ ಎಲ್ಲಿದೆ ಎಂದು ಕೇಳಿದ. ಪಾತ್ರೆಯ ತಳದಲ್ಲಿ ನಿಂಬೆರಸ ಬೆರೆತ ಹಸಿರು ನೀರು ಉಳಿದಿತ್ತು. ಆತ ಸೊಂಟದ ಕತ್ತಿ ತೆಗೆದು ಬೂದಿಯಿಂದ ಉಜ್ಜಿ ಅದರಲ್ಲಿ ಅದ್ದಿದ. ಪೀಪಾಯಿಯ ಮದ್ದನ್ನು ಅವರು ನೋಡುವುದು ಹಾಗೆಯೇ. ಕತ್ತಿ ಕೆಂಪಾದರೆ ತುತ್ತು ಹೆಚ್ಚು, ಇನ್ನೂ ಸುಣ್ಣ ಬೇಕು. ನಾನು ಬೆರಗಾದೆ. ಕಬ್ಬಿಣದ ಮೇಲೆ ತಾಮ್ರ ಕೂರುವ ಈ ಪರೀಕ್ಷೆಯನ್ನು ನಾನು ಮಕ್ಕಳಿಗೆ ಮೊಳೆ ಅದ್ದಿ ತೋರಿಸುತ್ತೇನೆ. ಆ ಗಳಿಗೆಯಲ್ಲಿ ಮಾತ್ರ ನನಗದು ಹೊಳೆದಿರಲಿಲ್ಲ.

ಮೂವರೂ ಕತ್ತಿಯನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕುಳಿತೆವು. ಒಳಗಿನಿಂದ ಶಾಂತಾ ಓಕರಿಸುವ ಸದ್ದು.

"ಕೆಂಪಾಗಲಿಲ್ಲ," ಎಂದ ಬಾಬಣ್ಣ.

"ಈ ಅಂಚಿನಲ್ಲಿ ಕೆಂಪು ಎಂಥದು?" ಎಂದೆ.

"ಅದು ಬಾಳೆ ಕಡಿದ ಕಲೆ ಮಾರಾಯ್ರೆ, ಹಳತು."

ಹಳತೇ ಇರಬಹುದು. ಅದ್ದುವ ಮೊದಲು ನಾನು ಕತ್ತಿಯನ್ನು ನೋಡಿಕೊಂಡಿರಲಿಲ್ಲ. ಕಂಡದ್ದನ್ನು ಆಗಲೇ ಬರೆದಿಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವನು ನಾನು.

ಮೂರು ಗಂಟೆಗೆ ಪುತ್ತೂರಿನ ಬಸ್ಸು. ಕಲ್ಲುರಸ್ತೆಯ ಕುಲುಕಾಟಕ್ಕೆ ಬಸಿರು ನಿಲ್ಲುವುದೋ ಇಲ್ಲವೋ ಎಂಬುದು ಇನ್ನೊಂದು ಭಯ. ಬಸ್ಸಿನ ಸದ್ದು ಕೇಳಿದಾಗ ಒಳಗೆ ಹೋಗಿ ನೋಡಿದರೆ ಶಾಂತಾ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಉಸಿರು ಸಮವಾಗಿತ್ತು. ಏಲಿಯಮ್ಮ ಅವಳ ಪಾದ ಮುಟ್ಟಿ, "ಬೆಚ್ಚಗುಂಟು," ಎಂದರು. ನಾನು ರಸ್ತೆಗೆ ಓಡಿ ಬಸ್ಸು ನಿಲ್ಲಿಸಿದೆ, ತಿರುಗಿ ಮನೆಯ ಕಡೆ ನೋಡಿದೆ. "ಬರುದಾ ಇಲ್ಲವಾ ಮಾಸ್ಟ್ರೆ?" ಎಂದು ಕಂಡಕ್ಟರು ಎರಡು ಸಲ ಕೇಳಿದ. ಕೈಬೀಸಿ ಹೋಗೆಂದೆ. ಧೂಳು ಇಳಿಯುವವರೆಗೂ, ನನ್ನ ಕೈಯಾರೆ ಅವಳನ್ನು ಕೊಂದೆನೋ ಏನೋ ಎಂದು ಅಲ್ಲೇ ನಿಂತಿದ್ದೆ.

ಹೊತ್ತು ಮುಳುಗುವ ಮುಂಚೆ ಅವಳು ಎದ್ದು ಮಜ್ಜಿಗೆ ಅನ್ನ ಕೇಳಿದಳು. ಉಂಡದ್ದು ಒಳಗೇ ಉಳಿಯಿತು. ಮರುದಿನವೂ ಉಳಿಯಿತು. ಸೊಪ್ಪಿನಿಂದಲೋ, ಹಾಲಿನಿಂದಲೋ, ವಾಂತಿಯ ಕಾಲವೇ ಮುಗಿದಿತ್ತೋ, ನಾನು ಹೇಳಲಾರೆ.

ಮಗಳಿಗೆ ಈಗ ನಾಲ್ಕು ವರ್ಷ. ತುಳು ಮಾತಾಡುತ್ತಾಳೆ, ಏಲಿಯಮ್ಮನನ್ನು ಅಮ್ಮಚ್ಚಿ ಎನ್ನುತ್ತಾಳೆ. ಅವಳಿಗೆ ಹೊಟ್ಟೆನೋವು ಎಂದಾಗಲೆಲ್ಲ ನನ್ನ ಕಣ್ಣಿಗೆ ಆ ಎಲೆಗಳು ಬರುತ್ತವೆ. ಪ್ರತಿ ಎಲೆಯ ಮೇಲೂ ಸಾಸಿವೆಯಷ್ಟು ನೀಲಿ ಚುಕ್ಕೆಗಳು. ಅವನ್ನು ನಾನು ನಿಜವಾಗಿ ಕಂಡೆನೇ, ಅಥವಾ ಬಾಬಣ್ಣನ ಮಾತು ಕೇಳಿದ ಮೇಲೆ ನನ್ನ ತಲೆ ಬಳಿದ ಬಣ್ಣವೇ? ಶಾಂತಾ ಹೇಳುವುದು ಬೇರೆಯೇ. "ನೀವು ಸೊಪ್ಪು ತಂದದ್ದು ಮಂಗಳವಾರ ಮಧ್ಯಾಹ್ನ. ನಾನಽ ಹಸಿ ಅರಿವ್ಯಾಗ ಸುತ್ತಿ ಇಟ್ಟಿದ್ದೆ. ಔಷಧ ಹೊಡಿಯೂಕಿಂತ ಮೊದಲಽ." ಅವಳ ಮಾತು ನಿಜವಾದರೆ ವಿಷವೇ ಇರಲಿಲ್ಲ. ಬುಧವಾರ ಬೆಳಿಗ್ಗೆ, ಸೊಪ್ಪು ಕೊಯ್ಯುವಾಗ ಇಬ್ಬನಿಗೆ ಅಂಗಿತೋಳು ಒದ್ದೆಯಾದದ್ದು ನನಗೆ ನೆನಪಿದೆ. ಆ ತೋಳು ಇನ್ನಾವುದೋ ದಿನದ್ದೂ ಇರಬಹುದು.

ಕಳೆದ ರಜೆಯಲ್ಲಿ ಗದಗಿಗೆ ಹೋಗಿದ್ದೆವು. ವರ್ಗಾವಣೆಗೆ ಅರ್ಜಿ ಹಾಕೆಂದು ಅವ್ವ ಹಟ ಹಿಡಿದಳು. ಅರ್ಜಿ ಬರೆದೆ, ಸಹಿ ಮಾಡದೆ ಪೆಟ್ಟಿಗೆಯಲ್ಲಿಟ್ಟೆ. ಅವ್ವನ ಸಾರಿಗೆ ರುಚಿಯೇ ಇಲ್ಲ, ತೆಂಗಿನಕಾಯಿ ಹಾಕಬೇಕಿತ್ತು ಎಂದು ಮಗಳು ಮುಖ ಸಿಂಡರಿಸಿದಳು. ನನಗೆ ಜೋಳದ ರೊಟ್ಟಿ ಅಮೃತವಾಗಿತ್ತು, ಆದರೆ ನಾಲ್ಕನೆಯ ದಿನ ಕುಚ್ಚಲಕ್ಕಿ ಗಂಜಿಯ ವಾಸನೆ ಮೂಗಿಗೆ ಬಂದು ಕಾಡಿತು.

ಹಿತ್ತಿಲಲ್ಲಿ ಅವ್ವ ಯಾರಿಂದಲೋ ತಂದು ನೆಟ್ಟ ಕರಿಬೇವಿನ ಸಸಿ ಮೊಣಕಾಲೆತ್ತರ ಬೆಳೆದಿತ್ತು. "ಒಗ್ಗರಣಿಗೆ ನಾಕು ಎಸಳು ತಾ," ಎಂದಳು. ಬಗ್ಗಿದೆ. ಕೈ ಕಡ್ಡಿಯನ್ನು ಹಿಡಿಯಿತು, ಮುರಿಯಲಿಲ್ಲ. ನೆಟ್ಟಗೆ ನಿಂತು ತಲೆ ಎತ್ತಿ ಮೇಲೆ ನೋಡಿದೆ.

"ಏನ್ ನೋಡ್ತೀಯೋ?" ಎಂದಳು ಅವ್ವ.

ಮೇಲೆ ಒಂದು ಮರವೂ ಇರಲಿಲ್ಲ. ಬಯಲುಸೀಮೆಯ ಆಕಾಶ ಕಣ್ಣು ಹಾಯುವಷ್ಟು ದೂರ ನೀಲಿಯಾಗಿತ್ತು. ಸೊಪ್ಪನ್ನು ಮೂರು ಸಲ ತೊಳೆದು ಒಳಗೆ ಕೊಟ್ಟೆ.